‘ನೋಡಿದರೆ ಅರ್ಥ ಆಗುತ್ತೆ ಮೇಡಂ, ಬರೆಯೋಕೆ ಹೋದರೆ ಬರಲ್ಲ’

ಆಪ್ತಸಲಹೆಗಾರ್ತಿಯಾದ ನಾನು ಈ ಮಾತನ್ನು ಪ್ರತಿ ಸೆಮಿಸ್ಟರಿನಲ್ಲೂ ಯಾರಾದರೊಬ್ಬರ ಬಾಯಲ್ಲಿ ಕೇಳುತ್ತೇನೆ. ಬಂದವರು ನಿದ್ದೆಯಿಲ್ಲ, ಎದೆ ಡವಡವ, ಕಾಲೇಜು ಬಿಡಬೇಕು ಎಂದು ಶುರು ಮಾಡುತ್ತಾರೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಮಾತು ಲೆಕ್ಕಕ್ಕೆ ಬಂದು ನಿಲ್ಲುತ್ತದೆ. ಅಂಥವರಲ್ಲಿ ಒಬ್ಬಳ ಪ್ರಕರಣ ಇದು. ಮನೆಯ ಒಂದೆರಡು ವಿವರ ಬದಲಿಸಿದ್ದೇನೆ, ಲೆಕ್ಕಗಳನ್ನು ಬದಲಿಸಿಲ್ಲ.

ಶಿಡ್ಲಘಟ್ಟದ ಕಡೆಯ ಹುಡುಗಿ. ಚಿಕ್ಕಬಳ್ಳಾಪುರದಲ್ಲಿ ಬಿ.ಎಸ್ಸಿ. ಮೂರನೇ ಸೆಮಿಸ್ಟರ್, ಭೌತಶಾಸ್ತ್ರ ಮತ್ತು ಗಣಿತ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ. ಮನೆಯಲ್ಲಿ ರೇಷ್ಮೆ ಸಾಕಣೆ. ಎರಡು ಇಂಟರ್ನಲ್‌ಗಳಲ್ಲಿ ಹಾಳೆಯನ್ನು ಹೆಚ್ಚುಕಡಿಮೆ ಖಾಲಿಯೇ ಕೊಟ್ಟು ಬಂದಿದ್ದಳು. ‘ಮುದ್ದೇನಹಳ್ಳಿ ಪಕ್ಕದಲ್ಲೇ ಇದ್ದುಕೊಂಡು ಲೆಕ್ಕ ಬರಲ್ಲ ಅಂತೀಯಲ್ಲ’ ಎಂದು ಅಪ್ಪ ತಮಾಷೆಗೆ ಅಂದದ್ದು ಅವಳಿಗೆ ನಾಟಿತ್ತು. ಸರ್‌ ಎಂ. ವಿಶ್ವೇಶ್ವರಯ್ಯನವರ ಊರು ಹತ್ತಿರದಲ್ಲಿರುವುದು ನಮ್ಮ ಜಿಲ್ಲೆಯ ಮಕ್ಕಳಿಗೆ ಹೆಮ್ಮೆ ತರುವಷ್ಟೇ ಭಾರವನ್ನೂ ಹೊರಿಸುತ್ತದೆ.

ಮೊದಲ ದಿನ ಲೆಕ್ಕದ ಸುದ್ದಿ ಎತ್ತಲಿಲ್ಲ. ನಿದ್ದೆ, ಊಟ ವಿಚಾರಿಸಿದೆ. ಸಾಯಬೇಕು ಅನ್ನಿಸಿದೆಯಾ ಎಂದು ನೇರವಾಗಿಯೇ ಕೇಳಿದೆ. ಇಲ್ಲ ಎಂದಳು. ಆದರೂ ಮಾನಸಿಕ ಆರೋಗ್ಯದ ಟೆಲಿ-ಮಾನಸ್ ಸಹಾಯವಾಣಿ 14416 ಅನ್ನು ಅವಳ ಫೋನಿನಲ್ಲಿ ಉಳಿಸಿಕೊಳ್ಳಲು ಹೇಳಿದೆ. ಇದನ್ನು ಕೇಳದೆ ‘ಪರೀಕ್ಷೆ ಭಯ ಅಷ್ಟೇ’ ಎಂದು ಮುಂದಕ್ಕೆ ಹೋಗುವುದು ತಪ್ಪು.

ಎರಡನೇ ಭೇಟಿಯಲ್ಲಿ ಅವಳು ಓದುವ ರೀತಿ ಗೊತ್ತಾಯಿತು. ಚಿಕ್ಕಪ್ಪನ ಮಗ ಬೆಂಗಳೂರಿನಲ್ಲಿ ಇಂಜಿನಿಯರ್. ಲೆಕ್ಕದ ಫೋಟೋ ಕಳಿಸಿದರೆ ಹತ್ತು ನಿಮಿಷದಲ್ಲಿ ಪೂರ್ತಿ ಬಿಡಿಸಿ ಕಳಿಸುತ್ತಾನೆ. ಅವನು ಸಿಗದಿದ್ದರೆ ಎಐ ಆ್ಯಪ್. ಬಂದದ್ದನ್ನು ನೀಟಾಗಿ ನೋಟ್‌ಬುಕ್ಕಿಗೆ ಇಳಿಸಿ, ಓದಿ, ಪಕ್ಕದಲ್ಲಿ ಹಸಿರು ಪೆನ್ನಿನಲ್ಲಿ ‘ಅರ್ಥವಾಯಿತು’ ಎಂದು ಟಿಕ್ ಹಾಕುತ್ತಾಳೆ. ಅಂಥ ಟಿಕ್‌ಗಳು ಪುಟಗಟ್ಟಲೆ ಇದ್ದವು. ಸೋಮಾರಿಯಲ್ಲ, ರಾತ್ರಿ ಹನ್ನೊಂದರವರೆಗೆ ಕೂರುವವಳು. ಅರ್ಥವಾಗುತ್ತಿದ್ದುದೂ ಸುಳ್ಳಲ್ಲ. ಅರ್ಥವಾಗುತ್ತಿದ್ದುದು ಅಣ್ಣನ ಲೆಕ್ಕ.

ಮೂರನೇ ಭೇಟಿಗೆ ಅದೇ ನೋಟ್‌ಬುಕ್ ತರಲು ಹೇಳಿದೆ. ಎಂಟು ದಿನದ ಹಿಂದೆ ಟಿಕ್ ಹಾಕಿದ್ದ ಒಂದು ಅವಕಲ ಸಮೀಕರಣವನ್ನು (ಡಿಫರೆನ್ಷಿಯಲ್ ಈಕ್ವೇಶನ್) ಬೇರೆ ಹಾಳೆಯಲ್ಲಿ ಬರೆದು ಮುಂದಿಟ್ಟೆ: ಡಿವೈ/ಡಿಎಕ್ಸ್ + ವೈ/ಎಕ್ಸ್ = ಎಕ್ಸ್². ನೋಟ್‌ಬುಕ್ ಮುಚ್ಚಿಸಿದೆ, ಫೋನು ಬ್ಯಾಗಿಗೆ ಹೋಯಿತು.

ಶುರು ಚೆನ್ನಾಗಿಯೇ ಇತ್ತು. 1/ಎಕ್ಸ್ ಅನ್ನು ಅನುಕಲಿಸಿದರೆ ಲಾಗ್ ಎಕ್ಸ್, ಹಾಗಾಗಿ ಇಂಟಿಗ್ರೇಟಿಂಗ್ ಫ್ಯಾಕ್ಟರ್, ಅಂದರೆ ಸಮೀಕರಣವನ್ನು ಗುಣಿಸಬೇಕಾದ ಪದ, ‘ಎಕ್ಸ್’. ಎರಡೂ ಕಡೆ ಅದರಿಂದ ಗುಣಿಸಿದಳು. ಎಡಗಡೆ ಪೂರ್ತಿ, ಎಕ್ಸ್-ವೈ ಗುಣಲಬ್ಧದ ಅವಕಲನ ಎಂದು ಗುರುತಿಸಿದಳು, ಬಲಗಡೆ ಎಕ್ಸ್³. ಅನುಕಲಿಸಿ ಎಕ್ಸ್‌ವೈ = ಎಕ್ಸ್⁴/4 ಎಂದು ಬರೆದಳು. ಎಕ್ಸ್‌ನಿಂದ ಭಾಗಿಸಿ ವೈ = ಎಕ್ಸ್³/4 ಮಾಡಿದಳು. ಪೆನ್ನು ಒಂದು ಕ್ಷಣ ನಿಂತಿತು. ‘ಅಯ್ಯೋ, ಸಿ ಹಾಕ್ಬೇಕಲ್ವಾ’ ಎಂದು ಅನುಕಲನದ ಸ್ಥಿರಾಂಕವನ್ನು ಕೊನೆಗೆ + ಸಿ ಎಂದು ಸೇರಿಸಿ ನನ್ನ ಮುಖ ನೋಡಿದಳು.

‘ಸರಿನಾ ಮೇಡಂ?’

‘ನನ್ನ ಮುಖದಲ್ಲೇನಿದೆಯಮ್ಮ? ಆ ಸಮೀಕರಣವನ್ನೇ ಕೇಳು. ನಿನ್ನ ವೈ ತಗೊಂಡು ಮೊದಲನೇ ಸಾಲಿಗೆ ಹಾಕು.’

ಹಾಗೆ ಹಾಕಬಹುದು ಎಂಬುದೇ ಅವಳಿಗೆ ಹೊಳೆದಿರಲಿಲ್ಲ. ನಿಧಾನವಾಗಿ ಬರೆದಳು. ವೈ ಅನ್ನು ಅವಕಲಿಸಿದರೆ 3ಎಕ್ಸ್²/4. ವೈ/ಎಕ್ಸ್ ಅಂದರೆ ಎಕ್ಸ್²/4 + ಸಿ/ಎಕ್ಸ್. ಕೂಡಿದಾಗ ಎಕ್ಸ್² ಬಂತು, ಅದರ ಬಾಲಕ್ಕೆ ಒಂದು ಸಿ/ಎಕ್ಸ್.

‘ಸಿ ಬೈ ಎಕ್ಸ್ ಉಳ್ಕೊಂತು...’

ನಾನು ಸುಮ್ಮನಿದ್ದೆ. ಅವಳ ಬೆರಳು ಸಾಲಿನಿಂದ ಸಾಲಿಗೆ ಹಿಂದಕ್ಕೆ ಹೋಯಿತು. ಅನುಕಲಿಸಿದ ಸಾಲಿನ ಮೇಲೆ ನಿಂತಿತು. ‘ಇಲ್ಲೇ ಬರ್ಬೇಕಿತ್ತು ಸಿ. ಆಮೇಲೆ ಭಾಗಿಸ್ದಾಗ ಅದರ ಕೆಳಗೂ ಎಕ್ಸ್ ಬರುತ್ತೆ.’ ವೈ = ಎಕ್ಸ್³/4 + ಸಿ/ಎಕ್ಸ್ ಎಂದು ತಿದ್ದಿ, ಕೇಳದೆಯೇ ಮತ್ತೆ ಮೊದಲ ಸಾಲಿಗೆ ಹಾಕಿ ನೋಡಿದಳು. ಈ ಸಲ ಸಿ ತಾನಾಗಿ ಹೊಡೆದುಹೋಯಿತು.

‘ತಪ್ಪು ಅಂತ ನೀವು ಹೇಳ್ಲೇ ಇಲ್ಲ’ ಎಂದಳು. ದೂರುವ ದನಿಯಲ್ಲಿ ಅಲ್ಲ, ಆಶ್ಚರ್ಯದಲ್ಲಿ.

ಮುಂದಿನ ಸಲಹೆಯೆಲ್ಲ ಈ ಮಾತಿನ ಮೇಲೆಯೇ ನಿಂತಿದೆ. ಅಣ್ಣನ ಹಾಳೆಯಲ್ಲಿ ಆ ಸಿ ಸರಿಯಾದ ಜಾಗದಲ್ಲೇ ಇತ್ತು. ಸರಿಯಾದ ಜಾಗದಲ್ಲಿ ಇದ್ದುದರಿಂದಲೇ ಅದು ಇವಳ ಕಣ್ಣಿಗೆ ಬೀಳಲಿಲ್ಲ. ಅದು ಅಲ್ಲಿಲ್ಲದಿದ್ದರೆ ಏನಾಗುತ್ತದೆ ಎಂದು ನೋಡಲು ತಾನೇ ಒಮ್ಮೆ ತಪ್ಪಬೇಕಿತ್ತು. 2006ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕಿ ಪ್ರಕಟಿಸಿದ ಪ್ರಯೋಗದಲ್ಲಿ, ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಮುಚ್ಚಿಟ್ಟು ನೆನಪಿನಿಂದ ಬರೆದವರು ಎರಡು ದಿನ ಮತ್ತು ಒಂದು ವಾರದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಅವರು ಬಳಸಿದ್ದು ಗದ್ಯದ ಭಾಗ, ಲೆಕ್ಕವಲ್ಲ. ಆದರೆ ಹಸಿರು ಟಿಕ್ ಯಾಕೆ ಮೋಸ ಮಾಡುತ್ತದೆ ಎಂಬುದು ಅದರಿಂದ ತಿಳಿಯುತ್ತದೆ: ಓದಿದ ಕೂಡಲೇ ಎಲ್ಲವೂ ಬರುತ್ತದೆ ಎನ್ನಿಸುತ್ತದೆ, ಟಿಕ್ ಬೀಳುವುದೂ ಆಗಲೇ.

ಹಾಗೆಂದು ಸಹಾಯ ಕೇಳಬೇಡ ಎಂದು ನಾನು ಹೇಳಲಿಲ್ಲ. ಹಾಗೆ ಹೇಳುವ ಮೇಷ್ಟ್ರುಗಳಿದ್ದಾರೆ. ಹಳ್ಳಿಯಿಂದ ಬಸ್ಸಿನಲ್ಲಿ ಬಂದು ಹೋಗುವ ಹುಡುಗಿಗೆ ಸಂಜೆ ಐದರ ಮೇಲೆ ಕೇಳಲು ಬೇರೆ ಯಾರಿದ್ದಾರೆ? ಕೇಳುವ ರೀತಿಯನ್ನು ಬದಲಿಸಿದೆವು. ಒಂದು ಲೆಕ್ಕಕ್ಕೆ 25 ನಿಮಿಷ, ಫೋನು ಬೇರೆ ಕೋಣೆಯಲ್ಲಿ. ನಿಂತ ಸಾಲಿನ ಕೆಳಗೆ ಕೆಂಪು ಗೆರೆ. ಅಣ್ಣನಿಗೆ ಪ್ರಶ್ನೆಯ ಜೊತೆ ತನ್ನ ಹಾಳೆಯ ಫೋಟೋ ಕಳಿಸಿ ಒಂದೇ ಒಂದು ಪ್ರಶ್ನೆ ಕೇಳುವುದು: ‘ನಾಲ್ಕನೇ ಸಾಲಿಂದ ಮುಂದಕ್ಕೆ ಯಾಕೆ ಹೋಗ್ತಿಲ್ಲ?’ ಪೂರ್ತಿ ಉತ್ತರ ಬಂದುಬಿಟ್ಟರೆ ಮೇಲೊಂದು ಹಾಳೆ ಮುಚ್ಚಿ, ತನಗೆ ದಾರಿ ಸಿಗುವವರೆಗೆ ಮಾತ್ರ ಒಂದೊಂದೇ ಸಾಲು ಸರಿಸುವುದು. ಮಾರನೇ ದಿನ ಅದೇ ಲೆಕ್ಕ ಖಾಲಿ ಹಾಳೆಯಲ್ಲಿ, ವಾರದ ಮೇಲೆ ಇನ್ನೊಮ್ಮೆ. ಟಿಕ್ ಹಾಕುವುದಿದ್ದರೆ ಆಗ.

ಭೌತಶಾಸ್ತ್ರದಲ್ಲಿ ತೊಡಕು ಇನ್ನೊಂದಿತ್ತು, ಅದು ಪ್ರಶ್ನೆಯ ಇಂಗ್ಲಿಷಿನದು. ಘನ ಸಿಲಿಂಡರೊಂದು 1.2 ಮೀಟರ್ ಎತ್ತರದಿಂದ ಇಳಿಜಾರಿನಲ್ಲಿ ‘ರೋಲ್ಸ್ ವಿದೌಟ್ ಸ್ಲಿಪ್ಪಿಂಗ್’ ಎಂದಿದ್ದ ಪ್ರಶ್ನೆಗೆ ಅವಳು ಎಂಜಿಎಚ್ ಅನ್ನು (ಎತ್ತರದ ಸ್ಥಿತಿಶಕ್ತಿ) ನೇರವಾಗಿ ಅರ್ಧ ಎಂವಿ² ಗೆ (ಮುಂದೆ ಸಾಗುವ ಚಲನಶಕ್ತಿ) ಸಮ ಮಾಡಿ, ಕೆಳಗೆ ತಲುಪಿದಾಗಿನ ವೇಗ ಸೆಕೆಂಡಿಗೆ 4.9 ಮೀಟರ್ ಎಂದು ಬರೆದಿದ್ದಳು. ‘ಜಾರದೆ ಉರುಳುವುದು’ ಎಂದು ಕನ್ನಡದಲ್ಲಿ ಬರೆದುಕೊಂಡ ಮೇಲೆ ‘ಉರುಳೋದಕ್ಕೂ ಶಕ್ತಿ ಬೇಕಲ್ವಾ?’ ಎಂದು ಅವಳೇ ಕೇಳಿದಳು. ತಿರುಗುವ ಚಲನಶಕ್ತಿ ಸೇರಿದರೆ ಅರ್ಧದ ಜಾಗದಲ್ಲಿ ಮುಕ್ಕಾಲು ಬರುತ್ತದೆ. ಗುರುತ್ವ ವೇಗೋತ್ಕರ್ಷ ಜಿ 10 ಎಂದಿಟ್ಟುಕೊಂಡರೆ ವೇಗ ಸರಿಯಾಗಿ 4. ಹಲಗೆಯೊಂದನ್ನು ಓರೆ ಮಾಡಿ ಟಾರ್ಚ್ ಸೆಲ್ಲು ಮತ್ತು ಬಳೆಯನ್ನು ಒಟ್ಟಿಗೆ ಬಿಟ್ಟು ನೋಡು ಎಂದೆ. ದಪ್ಪ, ತೂಕ ಏನೇ ಇರಲಿ, ಬಳೆ ಹಿಂದೆ ಬೀಳುತ್ತದೆ. ಅದರ ದ್ರವ್ಯವೆಲ್ಲ ಅಂಚಿನಲ್ಲಿದೆ, ತಿರುಗಲು ಹೆಚ್ಚು ಪಾಲು ಹೋಗುತ್ತದೆ.

ನೋಟ್‌ಬುಕ್ಕಿನ ಕೊನೇ ಪುಟ ಇಂಥ ಮಾತುಗಳಿಗೆ ಮೀಸಲಾಯಿತು. ‘ಲೈಟ್ ಸ್ಟ್ರಿಂಗ್’ ಅಂದರೆ ದಾರದ ದ್ರವ್ಯರಾಶಿ ಸೊನ್ನೆ. ‘ಸ್ಮೂತ್’ ಅಂದರೆ ಘರ್ಷಣೆ ಇಲ್ಲ. ‘ಇನ್‌ಎಕ್ಸ್‌ಟೆನ್ಸಿಬಲ್’ ಅಂದರೆ ದಾರ ಹಿಗ್ಗುವುದಿಲ್ಲ, ಹಾಗಾಗಿ ಎರಡು ತುದಿಯ ತೂಕಗಳಿಗೂ ಒಂದೇ ಪ್ರಮಾಣದ ವೇಗೋತ್ಕರ್ಷ. ‘ಫ್ರಂ ರೆಸ್ಟ್’ ಅಂದರೆ ಆರಂಭದ ವೇಗ ಸೊನ್ನೆ. ಒಂದೊಂದು ಪದವೂ ಒಂದೊಂದು ಸಮೀಕರಣ. ಕನ್ನಡ ಮಾಧ್ಯಮದಿಂದ ಬಂದವರು ಇವನ್ನು ಬರಿಯ ವಿಶೇಷಣ ಎಂದು ಓದಿ ದಾಟಿಬಿಡುತ್ತಾರೆ, ಆಮೇಲೆ ‘ಒಂದು ಸಮೀಕರಣ ಕಡಿಮೆ ಇದೆ’ ಎಂದು ಕೂರುತ್ತಾರೆ.

ಆಪ್ತಸಲಹೆಗಾರರು ಪಾಠ ಹೇಳಬಾರದು, ಅದು ನಮ್ಮ ಗೆರೆ ದಾಟಿದಂತೆ ಎಂಬ ಆಕ್ಷೇಪ ನನಗೆ ಗೊತ್ತು. ನಾನು ಉತ್ತರ ಹೇಳಿಕೊಟ್ಟಿದ್ದರೆ ಒಪ್ಪುತ್ತಿದ್ದೆ, ಅಣ್ಣ ಮಾಡಿದ್ದನ್ನೇ ಮಾಡಿದ ಹಾಗಾಗುತ್ತಿತ್ತು. ಉಸಿರಾಟದ ವ್ಯಾಯಾಮವನ್ನೂ ಕಲಿಸಿದ್ದೇನೆ. ಆದರೆ ಖಾಲಿ ಹಾಳೆಯ ಮುಂದೆ ಎಷ್ಟು ಚೆನ್ನಾಗಿ ಉಸಿರಾಡಿದರೂ ಹಾಳೆ ಖಾಲಿಯೇ ಇರುತ್ತದೆ.

ಎಲ್ಲವೂ ಸಲೀಸಾಗಿ ನಡೆಯಲಿಲ್ಲ. ನಾಲ್ಕನೇ ಜ್ವರದಿಂದ (ಪೊರೆ ಕಳಚುವ ಹಂತದಿಂದ) ಎದ್ದ ರೇಷ್ಮೆಹುಳುಗಳು ಸೊಪ್ಪು ಕಬಳಿಸುವ ವಾರದಲ್ಲಿ ಮನೆಮಂದಿಗೆಲ್ಲ ಕೈತುಂಬ ಕೆಲಸ. ಆ ವಾರ ದಿನಕ್ಕೆ ಒಂದೇ ಲೆಕ್ಕ ಎಂದು ಇಳಿಸಿಕೊಂಡೆವು. ಅಣ್ಣನಿಗೆ ಅವಳ ಎದುರಿಗೇ ಫೋನು ಮಾಡಿ ‘ಉತ್ತರ ಕಳಿಸಬೇಡಿ, ತಿರುಗಿ ಪ್ರಶ್ನೆ ಕೇಳಿ’ ಎಂದು ವಿನಂತಿಸಿದೆ. ಒಪ್ಪಿದ. ಎರಡೇ ದಿನಕ್ಕೆ ಪೂರ್ತಿ ಉತ್ತರ ಕಳಿಸಿದ, ಆಫೀಸಲ್ಲಿ ಟೈಮ್ ಇರಲಿಲ್ಲವಂತೆ. ಬಿಡಿಸಿ ಕಳಿಸುವುದು ಹತ್ತು ನಿಮಿಷದ ಕೆಲಸ. ಇನ್ನೊಬ್ಬರ ಹಾಳೆ ಓದಿ ಎಲ್ಲಿ ಎಡವಿದ್ದಾರೆಂದು ಹುಡುಕುವುದಕ್ಕೆ ಅದಕ್ಕಿಂತ ತಾಳ್ಮೆ ಬೇಕು. ಮುಂದಿನ ಇಂಟರ್ನಲ್‌ನಲ್ಲಿ ಗಣಿತದಲ್ಲಿ ದಾಟಿದಳು, ಭೌತಶಾಸ್ತ್ರದಲ್ಲಿ ಎರಡು ಅಂಕಕ್ಕೆ ಹೋಯಿತು.

ಕೊನೆಯ ಭೇಟಿಯಲ್ಲಿ ಫೋನು ತೋರಿಸಿದಳು. ಕೆಂಪು ಗೆರೆ ಎಳೆದ ಅವಳ ಹಾಳೆಯ ಫೋಟೋ, ಅದರ ಕೆಳಗೆ ಅಣ್ಣನ ಒಂದೇ ಸಾಲು: ‘ಐದನೇ ಸಾಲಲ್ಲಿ ಟಾರ್ಕ್ ಯಾವ ಬಿಂದು ಸುತ್ತ ತಗೊಂಡೆ? ಮಧ್ಯದ್ದಾ, ನೆಲ ಮುಟ್ಟೋ ಕಡೆಯದ್ದಾ?’ ಮೆಸೇಜು ಬಂದು ಎರಡು ಗಂಟೆಯಾಗಿತ್ತು.

‘ಇನ್ನೂ ರಿಪ್ಲೈ ಮಾಡಿಲ್ಲ ಮೇಡಂ. ಬಸ್ಸಲ್ಲಿ ಯೋಚ್ನೆ ಮಾಡ್ತಾ ಬಂದೆ’ ಎಂದಳು.