ಗರ್ಭಪಾತದ ಬೆನ್ನಲ್ಲೇ ಮತ್ತೆ ಗರ್ಭ: ಹೆದರಬೇಕೆ?

ಪ್ರಶ್ನೆ: ನನಗೆ 28 ವರ್ಷ, ಮದುವೆಯಾಗಿ ಎರಡು ವರ್ಷವಾಗಿದೆ. ಮೊದಲ ಬಾರಿ ಗರ್ಭಿಣಿಯಾದಾಗ ಒಂಬತ್ತನೇ ವಾರದ ಸ್ಕ್ಯಾನಿಂಗ್‌ನಲ್ಲಿ ಮಗುವಿನ ಹೃದಯ ಬಡಿತ ನಿಂತಿದೆಯೆಂದು ತಿಳಿಯಿತು. ಮಾತ್ರೆ ಕೊಟ್ಟು ಗರ್ಭ ತೆಗೆಸಿದರು. ಐದು ವಾರಗಳ ನಂತರ ಒಮ್ಮೆ ಮುಟ್ಟಾಯಿತು. ಮುಂದಿನ ತಿಂಗಳು ಆಗಲಿಲ್ಲ. ಹತ್ತು ದಿನ ಕಾದು ಮನೆಯಲ್ಲೇ ಪರೀಕ್ಷಿಸಿದರೆ ಎರಡು ಗೆರೆ ಬಂದಿವೆ. ವೈದ್ಯರು ಆರು ತಿಂಗಳು ಬಿಡಿ ಎಂದಿದ್ದರು. ಅತ್ತೆಯವರು, ‘ಮೈ ಇನ್ನೂ ಹಸಿಯಿರುವಾಗ ನಿಂತ ಗರ್ಭ ಉಳಿದೀತೇ?’ ಎಂದು ಕೊರಗುತ್ತಿದ್ದಾರೆ. ಹಿಂದಿನ ಸಲ ಸ್ಕೂಟರಿನಲ್ಲಿ ಶಾಲೆಗೆ ಓಡಾಡಿದ್ದರಿಂದಲೇ ಹಾಗಾಯಿತೆಂಬ ಮಾತೂ ಮನೆಯಲ್ಲಿದೆ. ನನ್ನ ರಕ್ತದ ಗುಂಪು ಒ ನೆಗೆಟಿವ್, ಪತಿಯದು ಬಿ ಪಾಸಿಟಿವ್. ನಾವು ಅವಸರ ಮಾಡಿದೆವೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ಇಲ್ಲ, ನೀವು ತಪ್ಪು ಮಾಡಿಲ್ಲ. ಮೊದಲ ಮೂರು ತಿಂಗಳೊಳಗೆ ಆಗುವ ಗರ್ಭಪಾತಗಳಲ್ಲಿ ಅರ್ಧದಷ್ಟಕ್ಕಾದರೂ ಭ್ರೂಣದ ವರ್ಣತಂತುಗಳ ಸಂಖ್ಯೆಯಲ್ಲಿ ಗರ್ಭಧಾರಣೆಯ ಹೊತ್ತಿಗೇ ಆಗಿಹೋದ ಏರುಪೇರು ಕಾರಣವಾಗಿರುತ್ತದೆ. ಸ್ಕೂಟರಿನಲ್ಲಿ ಶಾಲೆಗೆ ಹೋಗಿಬಂದದ್ದು ಅದನ್ನು ಉಂಟುಮಾಡುವುದಿಲ್ಲ, ಮನೆಯಲ್ಲೇ ಮಲಗಿದ್ದರೂ ಅದು ತಪ್ಪುತ್ತಿರಲಿಲ್ಲ. ಈ ಮಾತನ್ನು ನಿಮ್ಮ ಅತ್ತೆಯವರಿಗೂ ಓದಿ ಹೇಳಿ. ಅವರ ಕೊರಗಿನಲ್ಲಿರುವುದು ದೂರಿಗಿಂತ ಹೆಚ್ಚಾಗಿ ಭಯವೇ ಇರಬಹುದು.

ಆರು ತಿಂಗಳ ಲೆಕ್ಕಕ್ಕೆ ಒಂದು ಹಿನ್ನೆಲೆಯಿದೆ. 2005ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕರೆದಿದ್ದ ತಜ್ಞರ ಸಭೆ, ಗರ್ಭಪಾತದ ನಂತರ ಕನಿಷ್ಠ ಆರು ತಿಂಗಳ ಅಂತರವಿರಲಿ ಎಂದು ಸಲಹೆ ಮಾಡಿತ್ತು. ಅದಕ್ಕೆ ಮುಖ್ಯ ಆಧಾರವಾಗಿದ್ದ ಲ್ಯಾಟಿನ್ ಅಮೆರಿಕದ ಅಧ್ಯಯನದಲ್ಲಿ ತಾನಾಗಿ ಆದ ಗರ್ಭಪಾತಗಳೂ ಬೇಕೆಂದೇ ಮಾಡಿಸಿಕೊಂಡವೂ ಒಟ್ಟಿಗೆ ಸೇರಿದ್ದವು. 2010ರಲ್ಲಿ ಸ್ಕಾಟ್ಲೆಂಡಿನ 30,000ಕ್ಕೂ ಹೆಚ್ಚು ಮಹಿಳೆಯರ ದಾಖಲೆಗಳನ್ನು ಪರಿಶೀಲಿಸಿದಾಗ, ಆರು ತಿಂಗಳೊಳಗೆ ಮತ್ತೆ ಗರ್ಭ ಧರಿಸಿದವರಲ್ಲಿ ಎರಡನೇ ಗರ್ಭಪಾತ ಕಡಿಮೆಯೇ ಕಂಡುಬಂತು. ಬೇಗ ಗರ್ಭ ಧರಿಸುವವರು ಮೊದಲೇ ಹೆಚ್ಚು ಆರೋಗ್ಯವಂತರಾಗಿರಬಹುದಾದ್ದರಿಂದ, ಬೇಗ ಆದಷ್ಟೂ ಒಳ್ಳೆಯದೆಂದು ಇದರಿಂದ ತೀರ್ಮಾನಿಸಲಾಗದು. ಆದರೆ ಬೇಗ ಆದದ್ದೇ ಅಪಾಯವೆಂಬ ಮಾತು ನಿಲ್ಲುವುದಿಲ್ಲ. ಒಂದು ಗರ್ಭಪಾತವಾದವರಲ್ಲಿ ಐವರಲ್ಲಿ ಸುಮಾರು ನಾಲ್ವರ ಮುಂದಿನ ಗರ್ಭ ಉಳಿಯುತ್ತದೆ.

ಕಾಯಲೇಬೇಕಾದ ಸಂದರ್ಭಗಳು ಬೇರೆ. ದ್ರಾಕ್ಷಿ ಗೊಂಚಲಿನಂತೆ ಬೆಳೆಯುವ ಮೋಲಾರ್ ಗರ್ಭವಾಗಿದ್ದವರು, ಗರ್ಭನಾಳದಲ್ಲಿ ನಿಂತ ಗರ್ಭಕ್ಕೆ ಮೆಥೊಟ್ರೆಕ್ಸೇಟ್ ಚುಚ್ಚುಮದ್ದು ಪಡೆದವರು, ಸೋಂಕು ಅಥವಾ ತೀವ್ರ ರಕ್ತಹೀನತೆ ಇರುವವರು ವೈದ್ಯರು ಹೇಳುವವರೆಗೆ ಕಾಯಬೇಕು. ನಿಮ್ಮ ಪತ್ರದಲ್ಲಿ ಇವ್ಯಾವುದರ ಸೂಚನೆಯೂ ಇಲ್ಲ. ಆದರೂ ಹಳೆಯ ವರದಿಗಳನ್ನು ವೈದ್ಯರಿಗೆ ತೋರಿಸಿ, ಆರು ತಿಂಗಳು ಎಂದದ್ದು ಏಕೆಂದು ಕೇಳಿ ತಿಳಿದುಕೊಳ್ಳಿ.

ಗರ್ಭಪಾತವಾಗಿ ಎರಡೇ ವಾರಗಳಲ್ಲಿ ಅಂಡ ಬಿಡುಗಡೆಯಾಗಬಲ್ಲದು. ಹಾಗಾಗಿ ನಿಮಗೆ ಆದದ್ದು ಅಸಹಜವೇನಲ್ಲ. ನಡುವೆ ಒಮ್ಮೆ ಮುಟ್ಟಾಗಿರುವುದರಿಂದ ದಿನಗಳ ಲೆಕ್ಕವೂ ಸುಲಭ. ಮುಟ್ಟೇ ಆಗದೆ ಕಿಟ್‌ನಲ್ಲಿ ಎರಡು ಗೆರೆ ಕಂಡ ಓದುಗರು ಮಾತ್ರ, ಹಿಂದಿನ ಗರ್ಭದ ಹಾರ್ಮೋನು ಕೆಲವು ವಾರ ಉಳಿದಿರುವುದುಂಟು ಎಂಬುದನ್ನು ಗಮನದಲ್ಲಿಡಬೇಕು. ಐದನೇ ವಾರದಲ್ಲೇ ಸ್ಕ್ಯಾನಿಂಗ್‌ಗೆ ಧಾವಿಸಿ, ಹೃದಯ ಬಡಿತ ಕಾಣಲಿಲ್ಲವೆಂದು ವಾರವಿಡೀ ಅತ್ತು ಬರುವವರನ್ನು ನಾನು ಆಗಾಗ ನೋಡುತ್ತೇನೆ. ಅಷ್ಟು ಬೇಗ ಅದು ಕಾಣದಿರುವುದು ಸಹಜ. ಈ ಉತ್ತರ ಅಚ್ಚಾಗಿ ನಿಮ್ಮ ಕೈ ಸೇರುವ ಹೊತ್ತಿಗೆ ನಿಮಗೆ ಏಳು ವಾರ ತುಂಬಿರುತ್ತದೆ. ಸ್ಕ್ಯಾನಿಂಗ್ ಇನ್ನೂ ಆಗಿಲ್ಲದಿದ್ದರೆ ಈ ವಾರವೇ ಮಾಡಿಸಿ.

ನಿಮ್ಮ ರಕ್ತದ ಗುಂಪನ್ನು ಬರೆದು ಒಳ್ಳೆಯದು ಮಾಡಿದಿರಿ. ಮಗು ಪಾಸಿಟಿವ್ ಆಗಿದ್ದು ಅದರ ರಕ್ತ ನೆಗೆಟಿವ್ ತಾಯಿಯ ರಕ್ತದೊಂದಿಗೆ ಬೆರೆತರೆ, ತಾಯಿಯ ದೇಹ ಅದರ ವಿರುದ್ಧ ಪ್ರತಿಕಾಯಗಳನ್ನು ತಯಾರಿಸಬಹುದು. ಅವು ಮುಂದಿನ ಮಗುವಿಗೆ ತೊಂದರೆ ಕೊಡುತ್ತವೆ. ಇದನ್ನು ತಡೆಯುವ ಆಂಟಿ-ಡಿ ಚುಚ್ಚುಮದ್ದನ್ನು ಸಾಮಾನ್ಯವಾಗಿ ಗರ್ಭಪಾತವಾದ 72 ಗಂಟೆಯೊಳಗೆ ಕೊಡುತ್ತಾರೆ. ಒಂಬತ್ತನೇ ವಾರದಲ್ಲಿ ಅದರ ಅಗತ್ಯವಿದೆಯೇ ಎಂಬುದರಲ್ಲಿ ವೈದ್ಯರಲ್ಲಿ ಒಮ್ಮತವಿಲ್ಲ. ನಿಮಗೆ ಕೊಟ್ಟಿದ್ದರೇ ಎಂದು ಬಿಡುಗಡೆ ಚೀಟಿಯಲ್ಲಿ ನೋಡಿ. ಕೊಟ್ಟಿದ್ದರೂ ಕೊಡದಿದ್ದರೂ ಈಗ ಐಸಿಟಿ ಎಂಬ ರಕ್ತಪರೀಕ್ಷೆ ಮಾಡಿಸಿ. ಅದರಲ್ಲಿ ಪ್ರತಿಕಾಯಗಳಿಲ್ಲವೆಂದು ತಿಳಿದರೆ ಸಾಮಾನ್ಯವಾಗಿ 28ನೇ ವಾರದಲ್ಲಿ ಆಂಟಿ-ಡಿ ಕೊಡುತ್ತಾರೆ. ಈಗ ಐಸಿಟಿ ಮಾಡಿಸುವ ದಿನವೇ ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆಯ ಪರೀಕ್ಷೆಗಳೂ ಆಗಿಬಿಡಲಿ. ದಿನಕ್ಕೆ 400 ಮೈಕ್ರೊಗ್ರಾಂ ಫೋಲಿಕ್ ಆಮ್ಲವನ್ನು ಇಂದೇ ಆರಂಭಿಸಿ. ಹೆಚ್ಚಿನ ಪ್ರಮಾಣ ಬೇಕೇ ಎಂಬುದನ್ನು ವೈದ್ಯರು ನಿರ್ಧರಿಸಲಿ.

ಹೊಸ ಗರ್ಭ ನಿಂತಿತೆಂದು ಹಿಂದಿನ ದುಃಖವನ್ನು ಮುಚ್ಚಿಡಬೇಕಾಗಿಲ್ಲ. ಹಿಂದೆ ನೋವಾದ ಆ ಒಂಬತ್ತನೇ ವಾರ ದಾಟುವವರೆಗೆ ಪ್ರತಿ ಬಾರಿ ಶೌಚಾಲಯಕ್ಕೆ ಹೋದಾಗಲೂ ರಕ್ತ ಕಂಡೀತೇ ಎಂದು ಎದೆ ನಡುಗುವುದು ನಿಮ್ಮೊಬ್ಬರ ಅನುಭವವಲ್ಲ. ಪತಿಯೊಂದಿಗೆ ಅದನ್ನು ಬಾಯಿಬಿಟ್ಟು ಹೇಳಿಕೊಳ್ಳಿ, ಸ್ಕ್ಯಾನಿಂಗ್‌ಗೆ ಅವರನ್ನು ಜೊತೆಗೆ ಕರೆದೊಯ್ಯಿರಿ. ಸ್ವಲ್ಪ ಕಲೆ ಕಂಡರೆ ಗರ್ಭ ಹೋಯಿತೆಂದು ಅರ್ಥವಲ್ಲ, ಆದರೂ ವೈದ್ಯರಿಗೆ ತಿಳಿಸಿ. ರಕ್ತಸ್ರಾವ ಹೆಚ್ಚಾದರೆ, ಹೊಟ್ಟೆಯ ಒಂದೇ ಪಕ್ಕದಲ್ಲಿ ತೀವ್ರ ನೋವು ಬಂದರೆ, ಭುಜ ನೋಯುತ್ತ ತಲೆ ಸುತ್ತಿದರೆ, ರಾತ್ರಿಯಾಗಿದ್ದರೂ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೋಗಿ.