ಕಫದಲ್ಲಿ ಸಿಗದ ಕ್ಷಯ

ಹೊಸಪೇಟೆಯಿಂದ ಓದುಗರೊಬ್ಬರು ಬರೆದಿದ್ದಾರೆ: ‘ನನ್ನ ಹತ್ತಿರದ ಬಂಧುವಿಗೆ ಎಚ್‌ಐವಿ ಇರುವುದು ಈಚೆಗೆ ಗೊತ್ತಾಯಿತು. ಎರಡು ಸಲ ಸೂಕ್ಷ್ಮದರ್ಶಕದಲ್ಲಿ ಕಫ ನೋಡಿದರೂ ಏನೂ ಸಿಗಲಿಲ್ಲ. ಎಕ್ಸ್‌ರೇಯಲ್ಲೂ ಹೇಳಿಕೊಳ್ಳುವಂಥದ್ದಿಲ್ಲ ಎಂದರು. ಆದರೂ ಟಿಬಿ ಮಾತ್ರೆ ಶುರು ಮಾಡಿದರು. ಎರಡು ವಾರ ಬಿಟ್ಟು ಎಚ್‌ಐವಿ ಮಾತ್ರೆ, ಅದರ ಜೊತೆಗೆ ಇನ್ನೊಂದು ಹೆಚ್ಚುವರಿ ಮಾತ್ರೆ. ತಿಂಗಳು ತುಂಬುವಷ್ಟರಲ್ಲಿ ಕತ್ತಿನ ಗಂಟು ಮೊದಲಿಗಿಂತ ದಪ್ಪವಾಗಿ ಮತ್ತೆ ಜ್ವರ ಬಂದಿದೆ. ಇಲ್ಲದ ಕಾಯಿಲೆಗೆ ಔಷಧಿ ಕೊಟ್ಟು ಕೆಡಿಸಿದರೇ? ಎಲ್ಲವನ್ನೂ ನಿಲ್ಲಿಸೋಣ ಎಂದು ಮನೆಯವರು ಹೇಳುತ್ತಿದ್ದಾರೆ. ಈ ಜೋಡಿ ಕಾಯಿಲೆ ಆಫ್ರಿಕಾದ ಸಮಸ್ಯೆ ಎಂದು ನಾನು ತಿಳಿದಿದ್ದೆ.’

ಸಂಪಾದಕರ ಉತ್ತರ:

ಮೊದಲ ಮಾತು, ಮಾತ್ರೆ ನಿಲ್ಲಿಸಬೇಡಿ. ಎರಡನೆಯದು, ಮುಂದಿನ ತಿಂಗಳ ತಾರೀಖಿಗೆ ಕಾಯದೆ ಇದೇ ವಾರ ಎಆರ್‌ಟಿ (ಎಚ್‌ಐವಿ ಚಿಕಿತ್ಸೆ) ಕೇಂದ್ರಕ್ಕೆ ಹೋಗಿ. ತಿನ್ನುತ್ತಿರುವ ಮಾತ್ರೆಗಳನ್ನೆಲ್ಲ, ಆಯುರ್ವೇದದ ಪುಡಿ, ಗ್ಯಾಸ್ ಮಾತ್ರೆ ಸಹಿತ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ಪತ್ರ ಓದಿ ರೋಗ ತೀರ್ಮಾನಿಸುವುದು ನಮ್ಮಿಂದಾಗದು. ಆದರೆ ನೀವು ಬರೆದ ಮೂರು ಸಂಗತಿಗಳು, ಅಂದರೆ ಸಿಗದ ಕಫ, ಹೆಚ್ಚುವರಿ ಮಾತ್ರೆ ಮತ್ತು ಊದಿದ ಗಂಟು, ವೈದ್ಯರು ಎಡವಿದ್ದಕ್ಕೆ ಪುರಾವೆ ಅಲ್ಲ. ಎರಡೂ ಸೋಂಕು ಒಟ್ಟಿಗಿರುವವರಲ್ಲಿ ಹೀಗಾಗುವುದು ಅಪರೂಪವಲ್ಲ.

ಕ್ಷಯದ ಲಕ್ಷಣ ಎಂದು ನಾವು ಗುರುತಿಸುವ ಬಹುಪಾಲು ಸಂಗತಿಗಳನ್ನು ರೋಗಾಣು ಒಂದೇ ಮಾಡುವುದಿಲ್ಲ, ರೋಗಾಣುವಿನ ಜೊತೆ ಕಾದಾಡುವ ದೇಹ ಮಾಡುತ್ತದೆ. ಶ್ವಾಸಕೋಶಕ್ಕೆ ಬಂದ ಬ್ಯಾಕ್ಟೀರಿಯಾವನ್ನು ರಕ್ಷಕ ಕಣಗಳು ಸುತ್ತುಗಟ್ಟಿ ಗಂಟಿನೊಳಗೆ ಕೂಡಿಹಾಕುತ್ತವೆ. ಆ ಕಾವಲನ್ನು ನಡೆಸುವುದು ಸಿಡಿ4 ಎಂಬ ಬಿಳಿ ರಕ್ತಕಣಗಳು. ಕಾದಾಟ ಜೋರಾದಾಗ ಗಂಟಿನ ನಡುಭಾಗ ಕರಗಿ ಕುಳಿ ಬೀಳುತ್ತದೆ, ಕುಳಿ ಶ್ವಾಸನಾಳಕ್ಕೆ ಬಾಯಿ ತೆರೆದಾಗ ಕಫದಲ್ಲಿ ರೋಗಾಣು ರಾಶಿರಾಶಿಯಾಗಿ ಬರುತ್ತದೆ. ಸೂಕ್ಷ್ಮದರ್ಶಕದ ಕಣ್ಣಿಗೆ ಬೀಳಬೇಕಾದರೆ ಒಂದು ಮಿಲಿಲೀಟರ್ ಕಫದಲ್ಲಿ 5,000ದಿಂದ 10,000 ರೋಗಾಣುಗಳಾದರೂ ಇರಬೇಕು. ಎಚ್‌ಐವಿ ತಿನ್ನುವುದು ಆ ಸಿಡಿ4 ಕಣಗಳನ್ನೇ. ಕಾದಾಟವಿಲ್ಲದೆಡೆ ಕುಳಿ ಬೀಳುವುದಿಲ್ಲ, ಕುಳಿ ಇಲ್ಲದ ಕಫದಲ್ಲಿ ರೋಗಾಣು ವಿರಳ. ಎಕ್ಸ್‌ರೇ ಸ್ವಚ್ಛವಾಗಿ ಕಾಣಬಹುದು. ತೋಳಿಗೆ ಚುಚ್ಚುವ ಮಾಂಟೂ ಪರೀಕ್ಷೆಯಲ್ಲಿ ಚರ್ಮ ಉಬ್ಬದಿರಬಹುದು, ಅದಕ್ಕೇ ಎಚ್‌ಐವಿ ಇರುವವರಲ್ಲಿ 10ರ ಬದಲು 5 ಮಿಲಿಮೀಟರ್ ಉಬ್ಬನ್ನೇ ಪಾಸಿಟಿವ್ ಎಂದು ಓದುತ್ತಾರೆ. ಕಾವಲು ಸಡಿಲವಾದ ರೋಗಾಣು ಶ್ವಾಸಕೋಶ ಬಿಟ್ಟು ದುಗ್ಧಗ್ರಂಥಿಗೆ, ಮೆದುಳಿನ ಪೊರೆಗೆ, ಹೃದಯದ ಚೀಲಕ್ಕೆ ಹರಡುತ್ತದೆ. ಕ್ಷಯದ ಸೋಂಕು ಮಲಗಿರುವ ಆರೋಗ್ಯವಂತರಲ್ಲಿ ನೂರಕ್ಕೆ ಐದರಿಂದ ಹತ್ತು ಮಂದಿಗೆ ಅದು ಇಡೀ ಜೀವಮಾನದಲ್ಲಿ ಕಾಯಿಲೆಯಾಗಿ ಏಳುತ್ತದೆ. ಚಿಕಿತ್ಸೆ ಇಲ್ಲದ ಎಚ್‌ಐವಿ ಇದ್ದರೆ ಹೆಚ್ಚುಕಡಿಮೆ ಅಷ್ಟೇ ಅಪಾಯ ಒಂದೊಂದು ವರ್ಷಕ್ಕೆ.

ಹೀಗಾಗಿ ಇಂಥವರಲ್ಲಿ ‘ಕಫ ನೆಗೆಟಿವ್’ ಎಂದರೆ ಕಾಯಿಲೆ ಇಲ್ಲ ಎಂದಲ್ಲ. ಎಚ್‌ಐವಿಯಿಂದ ಸತ್ತವರ ಶವಪರೀಕ್ಷೆಗಳನ್ನು ಒಟ್ಟುಹಾಕಿ 2015ರಲ್ಲಿ ನೋಡಿದಾಗ ವಯಸ್ಕರಲ್ಲಿ ಹತ್ತಕ್ಕೆ ನಾಲ್ವರ ದೇಹದಲ್ಲಿ ಕ್ಷಯ ಸಿಕ್ಕಿತು. ಅವರಲ್ಲಿ ಅರ್ಧದಷ್ಟು ಮಂದಿಗೆ ಬದುಕಿದ್ದಾಗ ಅದು ಪತ್ತೆಯೇ ಆಗಿರಲಿಲ್ಲ.

ಈಗ ಸೂಕ್ಷ್ಮದರ್ಶಕದ ಮೇಲೇ ನಿಲ್ಲಬೇಕಾಗಿಲ್ಲ. ಸಿಬಿನ್ಯಾಟ್ ಎನ್ನುವ ಕಾರ್ಟ್ರಿಡ್ಜ್ ಯಂತ್ರ ರೋಗಾಣುವಿನ ಡಿಎನ್‌ಎಯನ್ನೇ ಹುಡುಕಿ, ಕ್ಷಯದ ಮುಖ್ಯ ಔಷಧಿಯಾದ ರಿಫಾಂಪಿಸಿನ್‌ಗೆ ಅದು ಬಗ್ಗುತ್ತದೆಯೇ ಇಲ್ಲವೇ ಎಂಬುದನ್ನೂ ಸುಮಾರು ಎರಡು ಗಂಟೆಯಲ್ಲಿ ಹೇಳುತ್ತದೆ. ಮಿಲಿಲೀಟರಿಗೆ ಸುಮಾರು 130 ರೋಗಾಣು ಇದ್ದರೂ ಹಿಡಿಯುತ್ತದೆ, ಅದರ ಹೊಸ ‘ಅಲ್ಟ್ರಾ’ ಕಾರ್ಟ್ರಿಡ್ಜ್‌ಗೆ 16ರ ಆಸುಪಾಸು ಸಾಕು. ಗೋವಾದಲ್ಲಿ ತಯಾರಾಗುವ ಟ್ರೂನ್ಯಾಟ್ ಎಂಬ ಇಂಥದ್ದೇ ಯಂತ್ರ ಬ್ಯಾಟರಿಯ ಮೇಲೂ ನಡೆಯುತ್ತದೆ. ಬಹಳ ಮನೆಯವರು ಮರೆಯುವ ಸಂಗತಿ ಒಂದಿದೆ: ಈ ಪರೀಕ್ಷೆ ಕಫಕ್ಕೆ ಮಾತ್ರ ಮೀಸಲಲ್ಲ. ಕತ್ತಿನ ಗಂಟಿನಿಂದ ಸೂಜಿಯಲ್ಲಿ ಎಳೆದ ದ್ರವವನ್ನೂ ಕಳಿಸಬಹುದು. ನಿಮ್ಮ ಬಂಧುವಿನ ವಿಷಯದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಗಂಟಿನ ದ್ರವ ಯಂತ್ರಕ್ಕೆ ಹೋಗಿದೆಯೇ?

ಇನ್ನೊಂದು ಪರೀಕ್ಷೆ ಮೂತ್ರದ್ದು. ಕ್ಷಯದ ರೋಗಾಣುವಿನ ಕವಚದ ಒಂದು ಅಂಶ (ಅದಕ್ಕೆ ಲ್ಯಾಮ್ ಎನ್ನುತ್ತಾರೆ) ರಕ್ತದಿಂದ ಮೂತ್ರಕ್ಕೆ ಸೇರುತ್ತದೆ. ಪಟ್ಟಿಯ ಮೇಲೆ 60 ಮೈಕ್ರೋಲೀಟರ್ ಹಾಕಿ 25 ನಿಮಿಷ ಕಾದು, ಮೂಡಿದ ಗೆರೆಯನ್ನು ಜೊತೆಗಿರುವ ಮಾದರಿ ಕಾರ್ಡಿನೊಂದಿಗೆ ಹೋಲಿಸಬೇಕು. ಮಸಕು ಬೆಳಕಿನಲ್ಲಿ ತೆಳು ಗೆರೆ ತಪ್ಪಿಹೋಗುತ್ತದೆ. ಮೂತ್ರಕ್ಕೆ ಮಲ ಸೋಕಿದ್ದರೆ ಬೇರೆ ಸೂಕ್ಷ್ಮಾಣುಗಳಿಂದಾಗಿ ಇಲ್ಲದ ಗೆರೆ ಮೂಡುತ್ತದೆ. ಉಳಿದ ಪರೀಕ್ಷೆಗಳೆಲ್ಲ ರೋಗಿ ಸೊರಗಿದಷ್ಟೂ ಸೋತರೆ, ಇದು ರೋಗಿ ಸೊರಗಿದಷ್ಟೂ ಚೆನ್ನಾಗಿ ಕೆಲಸ ಮಾಡುವ ವಿಚಿತ್ರ ಪರೀಕ್ಷೆ. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸಿಡಿ4 ಎಣಿಕೆ 200ಕ್ಕಿಂತ ಕೆಳಗಿರುವ ಒಳರೋಗಿಗಳಲ್ಲಿ ಇದರ ಬೆಲೆ ದೊಡ್ಡದು. ಇಷ್ಟೆಲ್ಲ ಮಾಡಿಯೂ ಏನೂ ಸಿಗದೆ ರೋಗಿ ಕುಸಿಯುತ್ತಿದ್ದರೆ, ಅನುಭವಿ ವೈದ್ಯರು ಲಕ್ಷಣ ನೋಡಿಯೇ ಚಿಕಿತ್ಸೆ ಆರಂಭಿಸುತ್ತಾರೆ. ಅದು ಊಹೆಯ ಆಟವಲ್ಲ. ಕಾಯುವುದರ ಅಪಾಯ ಮಾತ್ರೆಯ ಅಪಾಯಕ್ಕಿಂತ ಹೆಚ್ಚು ಎಂಬ ಲೆಕ್ಕ.

ಈಗ ಆ ಹೆಚ್ಚುವರಿ ಮಾತ್ರೆ. ಕ್ಷಯದ ಮೊದಲ ಎರಡು ತಿಂಗಳು ನಾಲ್ಕು ಔಷಧಿ ಸೇರಿದ ಒಂದೇ ಮಾತ್ರೆಯನ್ನು ತೂಕದ ಲೆಕ್ಕದಲ್ಲಿ ಕೊಡುತ್ತಾರೆ: 35ರಿಂದ 49 ಕಿಲೋ ಇದ್ದರೆ ದಿನಕ್ಕೆ ಮೂರು, 50ರಿಂದ 64 ಇದ್ದರೆ ನಾಲ್ಕು. ಆಮೇಲೆ ಪೈರಜಿನಮೈಡ್ ಬಿಟ್ಟು ಉಳಿದ ಮೂರು ಔಷಧಿಗಳ ಮಾತ್ರೆ ನಾಲ್ಕು ತಿಂಗಳು. ಇದರಲ್ಲಿರುವ ರಿಫಾಂಪಿಸಿನ್, ಮೂತ್ರವನ್ನು ಕಿತ್ತಳೆ ಬಣ್ಣ ಮಾಡುತ್ತದಲ್ಲ ಅದೇ, ಯಕೃತ್ತಿನಲ್ಲಿ ಔಷಧಿಗಳನ್ನು ಕರಗಿಸುವ ಕಿಣ್ವಗಳನ್ನು ಕೆರಳಿಸುತ್ತದೆ. ಎಚ್‌ಐವಿ ಮಾತ್ರೆಯಲ್ಲಿನ ಡೊಲುಟೆಗ್ರಾವಿರ್ ಆ ಕಿಣ್ವಗಳಿಗೆ ಬೇಗ ಬಲಿಯಾಗುತ್ತದೆ. ಆದ್ದರಿಂದ ದಿನಕ್ಕೊಮ್ಮೆ ಟಿಎಲ್‌ಡಿ (ಡೊಲುಟೆಗ್ರಾವಿರ್ ಸೇರಿ ಮೂರು ಔಷಧಿಗಳಿರುವ ಎಚ್‌ಐವಿ ಮಾತ್ರೆ), ಅದಾದ 12 ಗಂಟೆಗೆ 50 ಮಿಲಿಗ್ರಾಂ ಡೊಲುಟೆಗ್ರಾವಿರ್ ಬೇರೆಯಾಗಿ. ಮರೆತು ಎರಡನ್ನೂ ಒಟ್ಟಿಗೆ ನುಂಗಿದರೆ ಉದ್ದೇಶವೇ ಕೆಟ್ಟಿತು, ದಿನದ ಉಳಿದ ಹೊತ್ತಿನಲ್ಲಿ ರಕ್ತದಲ್ಲಿ ಔಷಧಿ ಸಾಲದೆ ವೈರಸ್‌ಗೆ ಸಂದು ಸಿಗುತ್ತದೆ. ಕ್ಷಯದ ಕೋರ್ಸು ಮುಗಿದ ದಿನವೇ ಹೆಚ್ಚುವರಿ ಮಾತ್ರೆಯನ್ನು ಬಿಡುವುದೂ ತಪ್ಪು. ಕೆರಳಿದ ಕಿಣ್ವ ತಣ್ಣಗಾಗಲು ಎರಡು ವಾರ ಬೇಕು, ಅಲ್ಲಿಯವರೆಗೆ ಮುಂದುವರಿಸಬೇಕು. ಆ್ಯಂಟಾಸಿಡ್ ಡೊಲುಟೆಗ್ರಾವಿರ್‌ನ್ನು ಹೊಟ್ಟೆಯಲ್ಲೇ ಕಟ್ಟಿಹಾಕುತ್ತದೆ, ಅದನ್ನು ನುಂಗುವುದಿದ್ದರೆ ಡೊಲುಟೆಗ್ರಾವಿರ್ ತಿಂದು ಎರಡು ಗಂಟೆಯಾದ ಮೇಲೆ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗೂ ಇದೇ ನಿಯಮ, ಆದರೆ ಊಟದ ಜೊತೆಯಾದರೆ ಅವನ್ನು ಡೊಲುಟೆಗ್ರಾವಿರ್ ಜೊತೆಗೇ ತಿನ್ನಬಹುದು. ಗರ್ಭನಿರೋಧಕ ಮಾತ್ರೆಯನ್ನೂ ರಿಫಾಂಪಿಸಿನ್ ಸೋಲಿಸುತ್ತದೆ, ಬೇರೆ ವಿಧಾನ ಬೇಕು. ಅಟಜನಾವಿರ್ ಎಂಬ ಇನ್ನೊಂದು ಎಚ್‌ಐವಿ ಔಷಧಿ ತೆಗೆದುಕೊಳ್ಳುವವರಿಗೆ ರಿಫಾಂಪಿಸಿನ್ ಕೊಡುವಂತೆಯೇ ಇಲ್ಲ, ಅದರ ಬದಲು ರಿಫಾಬ್ಯುಟಿನ್. ಇವುಗಳ ಜೊತೆ ಕ್ಷಯದ ಮಾತ್ರೆಯಲ್ಲಿರುವ ಐಸೋನಿಯಾಜಿಡ್‌ನಿಂದ ಕಾಲುರಿ ಬಾರದಿರಲು ಬಿ6, ಬೇರೆ ಸೋಂಕು ತಡೆಯಲು ಕೋಟ್ರೈಮಾಕ್ಸಜೋಲ್. ಮಾತ್ರೆಯ ರಾಶಿ ನೋಡಿ ಮನೆಯವರು ಬೆಚ್ಚಿದ್ದರೆ ತಪ್ಪಿಲ್ಲ. ಆದರೆ ಇವುಗಳಲ್ಲಿ ಯಾವುದೂ ಇನ್ನೊಂದರ ಕೆಲಸ ಮಾಡುವುದಿಲ್ಲ.

ಗಂಟು ಊದಿದ್ದೇಕೆ? ಎಚ್‌ಐವಿ ಮಾತ್ರೆ ವೈರಸ್ಸನ್ನು ಅದುಮಿದಾಗ ಸಿಡಿ4 ಕಣಗಳು ಚೇತರಿಸಿಕೊಳ್ಳುತ್ತವೆ. ಎದ್ದ ಕಾವಲುಗಾರನಿಗೆ ಅಂಗಳದ ತುಂಬ ಕಳ್ಳರು ಕಾಣುತ್ತಾರೆ. ಸತ್ತ, ಸಾಯುತ್ತಿರುವ ರೋಗಾಣುಗಳ ಮೇಲೆ ದೇಹ ಒಮ್ಮೆಲೇ ಎರಗಿ ಜ್ವರ ಏರುತ್ತದೆ, ಗಂಟು ಬಾತುಕೊಳ್ಳುತ್ತದೆ, ಕೆಲವೊಮ್ಮೆ ಕೀವಾಗಿ ಒಡೆಯುತ್ತದೆ. ವೈದ್ಯರು ಇದನ್ನು ಐರಿಸ್ ಎನ್ನುತ್ತಾರೆ. ಸಾಮಾನ್ಯವಾಗಿ ಎಆರ್‌ಟಿ ಆರಂಭಿಸಿದ ಮೊದಲ ಮೂರು ತಿಂಗಳಲ್ಲಿ, ಸಿಡಿ4 ತೀರಾ ಕೆಳಗಿದ್ದವರಲ್ಲಿ ಕಾಣಿಸುತ್ತದೆ.

ಹಾಗಾದರೆ ಎಚ್‌ಐವಿ ಮಾತ್ರೆಯನ್ನು ತಡಮಾಡಿದ್ದರೆ ಒಳ್ಳೆಯದಿತ್ತಲ್ಲವೇ ಎಂದು ಕೇಳಬಹುದು. ಕಾಂಬೋಡಿಯಾದಲ್ಲಿ ನಡೆಸಿ 2011ರಲ್ಲಿ ಪ್ರಕಟವಾದ ಕ್ಯಾಮೆಲಿಯಾ ಅಧ್ಯಯನ ಕೇಳಿದ್ದು ಇದನ್ನೇ. ಎರಡೂ ಕಾಯಿಲೆಯ 661 ರೋಗಿಗಳಲ್ಲಿ 332 ಜನರಿಗೆ ಕ್ಷಯದ ಚಿಕಿತ್ಸೆ ಶುರುವಾದ ಎರಡು ವಾರಕ್ಕೆ, 329 ಜನರಿಗೆ ಎಂಟು ವಾರಕ್ಕೆ ಎಆರ್‌ಟಿ ಕೊಟ್ಟರು. ಬೇಗ ಪಡೆದವರಲ್ಲಿ ಐರಿಸ್ ಹೆಚ್ಚಿತ್ತು, ಸಾವು ಕಡಿಮೆಯಿತ್ತು: 59 ಮಂದಿ ಸತ್ತರು. ತಡವಾಗಿ ಪಡೆದವರಲ್ಲಿ ಸತ್ತವರು 90. ನಿಮ್ಮ ಬಂಧುವಿನ ವೈದ್ಯರು ಎರಡು ವಾರಕ್ಕೆ ಆರಂಭಿಸಿದ್ದರ ಹಿಂದೆ ಇಂಥ ಅಧ್ಯಯನಗಳಿವೆ. ಮೆದುಳಿನ ಪೊರೆಯ ಕ್ಷಯ ಮಾತ್ರ ಇದಕ್ಕೆ ಹೊರತು. ಬಿಗಿಯಾದ ತಲೆಬುರುಡೆಯೊಳಗೆ ಊತಕ್ಕೆ ಜಾಗವಿಲ್ಲ, ಅಲ್ಲಿ ನಾಲ್ಕರಿಂದ ಎಂಟು ವಾರ ಕಾಯುತ್ತಾರೆ.

ಆದರೆ ಊದಿದ್ದೆಲ್ಲ ಐರಿಸ್ ಅಲ್ಲ, ಅದಕ್ಕೇ ಇದೇ ವಾರ ಹೋಗಿ ಎಂದದ್ದು. ರೋಗಾಣು ಔಷಧಿಗೆ ಬಗ್ಗದ ಜಾತಿಯದಾಗಿರಬಹುದು, ಮಾತ್ರೆ ಹೊಟ್ಟೆಯಲ್ಲಿ ನಿಲ್ಲದೆ ವಾಂತಿಯಾಗುತ್ತಿರಬಹುದು, ಬೇರೆಯದೇ ಸೋಂಕು ಅಥವಾ ಲಿಂಫೋಮಾ (ದುಗ್ಧಗ್ರಂಥಿಯ ಕ್ಯಾನ್ಸರ್) ಇರಬಹುದು. ಇವನ್ನು ಬದಿಗೊತ್ತಿದ ಮೇಲೆಯೇ ಐರಿಸ್ ಎಂಬ ತೀರ್ಮಾನ. ಹಾಗೆಂದು ಖಚಿತವಾಗಿ, ತೊಂದರೆ ಜೋರಾಗಿದ್ದರೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಕೊಡುತ್ತಾರೆ, ಕಿಲೋ ತೂಕಕ್ಕೆ 1.5 ಮಿಲಿಗ್ರಾಂನಂತೆ ಎರಡು ವಾರ, ಅದರರ್ಧ ಇನ್ನೆರಡು ವಾರ. ಔಷಧಿ ಅಂಗಡಿಯಿಂದ ನೀವೇ ತಂದು ಕೊಡುವ ಮಾತ್ರೆಯಲ್ಲ ಅದು. ತಲೆನೋವಿನ ಜೊತೆ ವಾಂತಿ, ಮಾತು ತಡವರಿಸುವುದು, ಉಸಿರುಗಟ್ಟುವುದು, ಕಣ್ಣು ಹಳದಿಯಾಗುವುದು, ಇವುಗಳಲ್ಲಿ ಯಾವುದು ಕಂಡರೂ ವಾರವೂ ಬೇಡ, ಆ ಹೊತ್ತಿಗೇ ಆಸ್ಪತ್ರೆ.

ಆಫ್ರಿಕಾದ ಸಮಸ್ಯೆ ಎಂದಿರಿ. ಹೊರೆ ಅಲ್ಲಿ ಹೆಚ್ಚು ಎಂಬುದು ನಿಜ. ಆದರೆ ಜಗತ್ತಿನ ಕ್ಷಯರೋಗಿಗಳಲ್ಲಿ ನಾಲ್ಕರಲ್ಲೊಬ್ಬರು ಭಾರತದವರು. 2023ರಲ್ಲಿ ಜಗತ್ತಿನಲ್ಲಿ 1.08 ಕೋಟಿ ಜನರಿಗೆ ಕ್ಷಯ ಬಂತು, ಅವರಲ್ಲಿ ಎಚ್‌ಐವಿ ಇದ್ದವರು ನೂರಕ್ಕೆ ಆರು. ಸತ್ತ 12.5 ಲಕ್ಷದಲ್ಲಿ ಎಚ್‌ಐವಿ ಇದ್ದವರು 1.61 ಲಕ್ಷ, ನೂರಕ್ಕೆ ಹದಿಮೂರು. ದಕ್ಷಿಣ ಆಫ್ರಿಕಾದ ಕ್ವಾಜುಲು-ನಟಾಲ್ ಪ್ರಾಂತದ ಟುಗೇಲಾ ಫೆರಿ ಎಂಬ ಹಳ್ಳಿಗಾಡಿನ ಊರಿನ ಆಸ್ಪತ್ರೆಯಲ್ಲಿ 2005-06ರಲ್ಲಿ ನಡೆದದ್ದನ್ನು ಈ ಕ್ಷೇತ್ರದಲ್ಲಿರುವವರು ಮರೆಯುವುದಿಲ್ಲ. ಬಹುತೇಕ ಯಾವ ಔಷಧಿಗೂ ಬಗ್ಗದ ಕ್ಷಯ 53 ಜನರಲ್ಲಿ ಸಿಕ್ಕಿತು, 52 ಮಂದಿ ಸತ್ತರು. ಅವರಲ್ಲಿ ಅರ್ಧದಷ್ಟು ಮಂದಿ ಕಫ ತೆಗೆದ ದಿನದಿಂದ 16 ದಿನದೊಳಗೇ ತೀರಿಕೊಂಡರು. ಎಚ್‌ಐವಿ ಪರೀಕ್ಷೆಯಾದವರೆಲ್ಲರೂ ಪಾಸಿಟಿವ್. ಅರ್ಧಕ್ಕೂ ಹೆಚ್ಚು ಜನ ಅದಕ್ಕೂ ಮೊದಲು ಕ್ಷಯದ ಮಾತ್ರೆಯನ್ನೇ ಕಂಡಿರಲಿಲ್ಲ, ಅಂದರೆ ಆ ಗಟ್ಟಿ ರೋಗಾಣು ಅವರೊಳಗೆ ಬೆಳೆದದ್ದಲ್ಲ, ಇನ್ನೊಬ್ಬರ ಉಸಿರಿನಿಂದ ಬಂದದ್ದು. ಹಲವರು ಸ್ವಲ್ಪ ಹಿಂದೆ ಆಸ್ಪತ್ರೆಯ ವಾರ್ಡಿನಲ್ಲಿ ಮಲಗಿದ್ದವರು.

ಗಾಳಿಯ ಮಾತು ಬಂತು. ಪೆರುವಿನ ಲಿಮಾದ ಆಸ್ಪತ್ರೆಗಳಲ್ಲಿ ಅಳೆದು 2007ರಲ್ಲಿ ಹೇಳಿದ ಸಂಗತಿ: ಕಿಟಕಿ ಬಾಗಿಲು ತೆರೆದಿಟ್ಟ ಕೋಣೆಯಲ್ಲಿ ಗಂಟೆಗೆ 28 ಸಲ ಗಾಳಿ ಬದಲಾಗುತ್ತಿತ್ತು, ಯಂತ್ರದ ವ್ಯವಸ್ಥೆಯ ಕೋಣೆಗೆ 12 ಸಲ. 1950ಕ್ಕಿಂತ ಹಿಂದಿನ, ಎತ್ತರದ ಮಾಡು, ದೊಡ್ಡ ಕಿಟಕಿಯ ಕಟ್ಟಡಗಳೇ ಎಲ್ಲಕ್ಕಿಂತ ಮುಂದು. ನಮ್ಮ ಹಳೆಯ ತಾಲ್ಲೂಕು ಆಸ್ಪತ್ರೆಗಳನ್ನು ಕೆಡವಿ ಗಾಜು ಹಾಕಿ ಏಸಿ ಕೂರಿಸುವವರು ಇದನ್ನು ಓದಿದರೆ ಚೆನ್ನಾಗಿತ್ತು. ಎಆರ್‌ಟಿ ಕೇಂದ್ರದ ಸರದಿಯಲ್ಲಿ ಕೆಮ್ಮುವವರನ್ನು ಮೊದಲು ಕರೆದು ಕಳಿಸುವುದಕ್ಕೆ ಒಂದು ರೂಪಾಯಿಯ ಖರ್ಚಿಲ್ಲ.

ಅದೇ ಕೇಂದ್ರದಲ್ಲಿ ಪ್ರತಿ ಭೇಟಿಯಲ್ಲೂ ನಾಲ್ಕು ಪ್ರಶ್ನೆ ಕೇಳಬೇಕು: ಕೆಮ್ಮು, ಜ್ವರ, ತೂಕ ಇಳಿತ, ರಾತ್ರಿ ಬೆವರು. ಇಲ್ಲಿ ‘ಎರಡು ವಾರದ ಕೆಮ್ಮು’ ಎಂಬ ಸಾಮಾನ್ಯ ನಿಯಮ ಅನ್ವಯಿಸದು, ಇವತ್ತು ಶುರುವಾದ ಕೆಮ್ಮೂ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ತುಮಕೂರು ಜಿಲ್ಲೆಯಲ್ಲಿ ನಡೆಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನ ಕಂಡುಕೊಂಡದ್ದು ಜಗತ್ತಿನ ನೀತಿಯನ್ನೇ ತಿದ್ದಿತು: ಕಫದಲ್ಲಿ ರೋಗಾಣು ಇದ್ದವರಲ್ಲಿ ಅರ್ಧಕ್ಕೂ ಹೆಚ್ಚು ಜನ ತಾವಾಗಿಯೇ ಆಸ್ಪತ್ರೆಗೆ ಹೋಗಿದ್ದರು, ಕೆಮ್ಮಿನ ಔಷಧಿಯ ಸೀಸೆ ಹಿಡಿದು ವಾಪಸಾಗಿದ್ದರು. ಜನ ಬರುವುದಿಲ್ಲ ಎಂಬ ದೂರು ಆಗಲೂ ಅರ್ಧಸತ್ಯವಾಗಿತ್ತು. ನಾಲ್ಕೂ ಪ್ರಶ್ನೆಗೆ ಇಲ್ಲ ಎಂದ ಎಚ್‌ಐವಿ ಬಾಧಿತರಿಗೆ ಕ್ಷಯ ಏಳದಂತೆ ತಡೆಯುವ ಔಷಧಿ ಕೊಡುತ್ತಾರೆ: ಆರು ತಿಂಗಳು ದಿನವೂ ಐಸೋನಿಯಾಜಿಡ್, ಇಲ್ಲವೇ ರಿಫಾಪೆಂಟಿನ್ ಸೇರಿಸಿ ವಾರಕ್ಕೊಮ್ಮೆಯಂತೆ ಒಟ್ಟು 12 ಸಲ. ಸಕ್ರಿಯ ಕ್ಷಯ ಇರುವವರಿಗೆ ತಪ್ಪಿ ಇದನ್ನಷ್ಟೇ ಕೊಟ್ಟರೆ ರೋಗಾಣುವಿಗೆ ಪ್ರತಿರೋಧ ಕಲಿಸಿದಂತಾಗುತ್ತದೆ, ಅದಕ್ಕೇ ಪ್ರಶ್ನೆ ಮೊದಲು, ಮಾತ್ರೆ ಆಮೇಲೆ.

ನೀವು ಕೇಳದಿದ್ದರೂ ಮನೆಯ ಬಗ್ಗೆ ಎರಡು ಮಾತು. ತಟ್ಟೆ ಲೋಟ ಬೇರೆ ಮಾಡಬೇಡಿ, ಎರಡೂ ಸೋಂಕು ಅದರಿಂದ ಬರುವುದಿಲ್ಲ. ಕತ್ತಿನ ಗಂಟಿನ ಕ್ಷಯ ಗಾಳಿಗೆ ಹರಡುವುದಿಲ್ಲ, ಆದರೆ ಶ್ವಾಸಕೋಶದಲ್ಲೂ ಇದೆಯೇ ಎಂದು ಖಚಿತವಾಗುವವರೆಗೆ ಅವರು ಮಲಗುವ ಕೋಣೆಯ ಕಿಟಕಿ ತೆರೆದಿರಲಿ. ಶ್ವಾಸಕೋಶದಲ್ಲಿದ್ದರೆ ಮನೆಮಂದಿಯೆಲ್ಲರ ತಪಾಸಣೆ ಆಗಬೇಕು, ಐದು ವರ್ಷದೊಳಗಿನ ಮಕ್ಕಳದ್ದು ಮೊದಲು. ಕ್ಷಯರೋಗಿಗೆ ಪೌಷ್ಟಿಕ ಆಹಾರಕ್ಕೆಂದು ಸರ್ಕಾರ ತಿಂಗಳಿಗೆ 1,000 ರೂಪಾಯಿಯನ್ನು ಬ್ಯಾಂಕ್ ಖಾತೆಗೇ ಹಾಕುತ್ತದೆ, ಹೆಸರು ನೋಂದಾಯಿಸಿದ್ದಾರೆಯೇ ಕೇಳಿ. ಎಚ್‌ಐವಿ ವಿಷಯ ಊರಿಗೆಲ್ಲ ಗೊತ್ತಾದೀತೆಂಬ ಅಂಜಿಕೆಯಿದ್ದರೆ, 2017ರ ಕಾನೂನಿನ ಪ್ರಕಾರ ಒಪ್ಪಿಗೆಯಿಲ್ಲದೆ ಅದನ್ನು ಹೊರಗೆ ಹೇಳುವಂತಿಲ್ಲ. ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಿ ಹೆಸರು ಹೇಳದೆಯೇ ಸಲಹೆ ಕೇಳಬಹುದು, ಕರೆ ಉಚಿತ.