ಬೇತಾಳನನ್ನು ಎರಡು ಲಿಪಿಯಲ್ಲಿ ಓದಿದ್ದು

ನೀವು ಕಾಸರಗೋಡಿನವರು, ಕೇರಳದಲ್ಲೇ ಹುಟ್ಟಿ ಕೇರಳದಲ್ಲೇ ಶಾಲೆಗೆ ಹೋದವರು, ಚಿಕ್ಕಂದಿನಲ್ಲಿ ನಿಮಗೆ ಕನ್ನಡ ಪುಸ್ತಕಗಳು ಸಿಗುತ್ತಿದ್ದವೇ ಎಂದು ಕೇಳಿದ್ದೀರಿ. ಸಿಗುತ್ತಿದ್ದವು. ಕಡಿಮೆ ಸಿಗುತ್ತಿದ್ದವು, ಆದ್ದರಿಂದ ಒಂದೊಂದನ್ನೂ ಹತ್ತು ಸಲ ಓದುತ್ತಿದ್ದೆವು. ಯಾವುದು ಇಷ್ಟವಾಗಿತ್ತು ಎಂದು ಹೇಳುವ ಮೊದಲು ಅವು ಎಲ್ಲಿಂದ ಬರುತ್ತಿದ್ದವು ಎಂದು ಹೇಳಬೇಕು. ನಮ್ಮಲ್ಲಿ ಆ ಎರಡು ಪ್ರಶ್ನೆಗಳು ಬೇರೆಬೇರೆ ಅಲ್ಲ.

ನಮ್ಮದು ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ರಸ್ತೆಯಿಂದ ಒಳಗೆ, ಅಡಿಕೆ ತೋಟದ ನಡುವಿನ ಮನೆ. ಮನೆಯೊಳಗೆ ತುಳು. ತೋಡು ದಾಟಿದರೆ ಆಚೆ ಮನೆಯವರದು ಮಲಯಾಳ. ಬಸ್ ನಿಲ್ಲುವ ಕಟ್ಟೆಯಲ್ಲಿ ಕುಳಿತರೆ ಬ್ಯಾರಿ, ಕೊಂಕಣಿ, ಹವ್ಯಕ, ಕರಾಡ ಮರಾಠಿ ಎಲ್ಲವೂ ಕಿವಿಗೆ ಬೀಳುತ್ತವೆ. ಹಾಗಾದರೆ ಕನ್ನಡ ಎಲ್ಲಿ ಎಂದರೆ ಶಾಲೆಯಲ್ಲಿ, ದೇವಸ್ಥಾನದ ಜಾತ್ರೆಯ ಆಮಂತ್ರಣ ಪತ್ರಿಕೆಯಲ್ಲಿ, ಯಕ್ಷಗಾನದಲ್ಲಿ, ಪುಸ್ತಕದಲ್ಲಿ. ಅಮ್ಮನ ಮಾತು ತುಳುವಾದರೂ ನಾವು ನಮ್ಮನ್ನು ಕನ್ನಡಿಗರೆಂದೇ ಹೇಳಿಕೊಳ್ಳುತ್ತೇವೆ. ಹೊರಗಿನವರಿಗೆ ಇದು ವಿಚಿತ್ರವಾಗಿ ಕಾಣಬಹುದು. ನನಗಂತೂ ಕನ್ನಡ ಓದಿನ ಮೂಲಕ ಬಂದ ಭಾಷೆ. ಮಾತನಾಡಿ ಅಭ್ಯಾಸವಾಗುವ ಮೊದಲೇ ಅದನ್ನು ಓದಿದ್ದೆ.

ಮೊದಲ ಪುಸ್ತಕ ಮಕ್ಕಳದ್ದಲ್ಲ, ಅಜ್ಜನ ಯಕ್ಷಗಾನ ಪ್ರಸಂಗದ ಪುಸ್ತಕ. ಉಡುಪಿಯಲ್ಲಿ ಅಚ್ಚಾದದ್ದು, ತೆಳುವಾದ ರಟ್ಟು, ಹೊಲಿಗೆ ಬಿಟ್ಟ ಕಡೆ ಅಜ್ಜ ಗೋಣಿ ಹೊಲಿಯುವ ದಾರದಿಂದ ಮತ್ತೆ ಹೊಲಿದಿದ್ದರು. ಆಟಿ ತಿಂಗಳಲ್ಲಿ ಮಳೆ ಹಿಡಿದರೆ ಹೊರಗಿನ ಕೆಲಸ ಇಲ್ಲ. ಚಾವಡಿಯಲ್ಲಿ ಕುಳಿತು ಅದನ್ನು ತೆರೆಯುತ್ತಿದ್ದರು. ಅದರಲ್ಲಿ ಕಥೆ ಗದ್ಯದಲ್ಲಿ ಇಲ್ಲ, ಬರೀ ಪದಗಳು, ಅಂದರೆ ಹಾಡುಗಳು. ಪ್ರತಿ ಪದದ ತಲೆಯ ಮೇಲೆ ರಾಗದ ಹೆಸರು, ತಾಳದ ಹೆಸರು. ನಡುವೆ ಭಾಮಿನಿ, ವಾರ್ಧಕ ಷಟ್ಪದಿಗಳು. ಅಜ್ಜ ಒಂದು ಪದ ಹೇಳಿ, ತೊಡೆಯ ಮೇಲೆ ಕೈಯಲ್ಲಿ ತಾಳ ಹಾಕಿ, ಆಮೇಲೆ ಅರ್ಥ ಹೇಳುತ್ತಿದ್ದರು. ದಿನವಿಡೀ ತುಳುವಿನಲ್ಲಿ ಆಳುಗಳನ್ನು ಗದರುತ್ತಿದ್ದ ಅದೇ ಬಾಯಿಂದ ರಾಮನ ಮಾತು ಬರುವಾಗ ಅಚ್ಚ ಪುಸ್ತಕದ ಕನ್ನಡ. ಒಂದೇ ಒಂದು ತುಳು ಪದ ನುಸುಳುತ್ತಿರಲಿಲ್ಲ. ಕನ್ನಡ ಎಂದರೆ ರಾಮ, ಲಕ್ಷ್ಮಣ, ಶೂರ್ಪನಖಿಯರು ಆಡುವ ಭಾಷೆ ಎಂದು ನಾನು ಬಹಳ ದಿನ ನಂಬಿದ್ದೆ.

ಅದು ಪಾರ್ತಿಸುಬ್ಬನ 'ಪಂಚವಟಿ'. ಪಾರ್ತಿಸುಬ್ಬ ಕುಂಬಳೆಯವನು. ಅವನ ಪದಗಳಲ್ಲಿ ಕಣ್ವಪುರದ ಕೃಷ್ಣ ಬರುತ್ತಾನೆ. ಕಣ್ವಪುರ ಎಂದರೆ ನಮ್ಮ ಕಣಿಪುರ, ಕುಂಬಳೆಯ ಗೋಪಾಲಕೃಷ್ಣ ದೇವಸ್ಥಾನ, ನಾವು ಬಸ್ ಇಳಿದು ನಡೆದು ಹೋಗಿ ಕೈಮುಗಿಯುವ ಅದೇ ದೇವರು. ಅಜ್ಜ ಆ ಸಾಲಿನ ಕೆಳಗೆ ಬೆರಳಿಟ್ಟು ತೋರಿಸಿದ ದಿನ ನನಗೆ ಮೈ ನವಿರೆದ್ದಿತ್ತು. ಅಚ್ಚಾದ ಪುಸ್ತಕದೊಳಗೆ ನಮ್ಮೂರು ಇತ್ತು! ಬೆಂಗಳೂರಿನ ಮಗುವಿಗೆ ತನ್ನ ಊರು ಪುಸ್ತಕದಲ್ಲಿ ಕಾಣುವುದು ದೊಡ್ಡ ಸಂಗತಿಯಲ್ಲ. ನಮಗೆ ದೊಡ್ಡದು. ಭೂಪಟದಲ್ಲಿ ಕರ್ನಾಟಕದ ಗೆರೆ ತಲಪಾಡಿಯ ಹತ್ತಿರವೇ ನಿಲ್ಲುತ್ತಿತ್ತು, ನಾವು ಅದರ ಹೊರಗಿದ್ದೆವು.

ಇನ್ನು ಚಂದಮಾಮ. ಇದರ ಬಗ್ಗೆ ನಾನು ಸ್ವಲ್ಪ ಹೆಚ್ಚೇ ಬರೆಯುತ್ತೇನೆ, ಕ್ಷಮಿಸಿ. ನಿಮ್ಮ ಚಂದಮಾಮವೇ ನಮ್ಮದೂ. ಮದರಾಸಿನಿಂದ ಬರುತ್ತಿತ್ತು. 1947ರಲ್ಲಿ ತೆಲುಗು, ತಮಿಳಿನಲ್ಲಿ ಆರಂಭವಾಗಿ 1949ರಲ್ಲಿ ಕನ್ನಡಕ್ಕೆ ಬಂದ ಪತ್ರಿಕೆ. ನಾನು ಓದಿದ್ದು ಎಂಬತ್ತರ ದಶಕದಲ್ಲಿ. ಸೋದರಮಾವ ಕಾಸರಗೋಡು ಪೇಟೆಗೆ ಹೋದಾಗ ತರುತ್ತಿದ್ದರು, ತಿಂಗಳಿಗೆ ಒಂದು, ಕೆಲವು ತಿಂಗಳು ಇಲ್ಲ. ತೋಡಿನಾಚೆಯ ಮನೆಯಲ್ಲಿ ನನ್ನದೇ ವಯಸ್ಸಿನ ಹುಡುಗನಿದ್ದ. ಅವನು ಮಲಯಾಳ ಮಾಧ್ಯಮ, ನಾನು ಕನ್ನಡ ಮಾಧ್ಯಮ. ಒಂದೇ ಆವರಣದಲ್ಲಿ ಎರಡೂ ಮಾಧ್ಯಮದ ತರಗತಿಗಳಿರುವ ಶಾಲೆಗಳು ನಮ್ಮಲ್ಲಿ ಸಾಮಾನ್ಯ. ನಡುವೆ ಒಂದು ಅರ್ಧಗೋಡೆ, ಅಷ್ಟೆ. ಅವನ ಮನೆಗೆ ಬರುತ್ತಿದ್ದ ಪತ್ರಿಕೆ 'ಅಂಬಿಳಿ ಅಮ್ಮಾವನ್'. ಅಂಬಿಳಿ ಎಂದರೆ ಚಂದ್ರ, ಅಮ್ಮಾವನ್ ಎಂದರೆ ಸೋದರಮಾವ. ಒಂದು ದಿನ ಅವರ ಜಗಲಿಯಲ್ಲಿ ಅದು ತೆರೆದು ಬಿದ್ದಿತ್ತು. ನೋಡಿದರೆ ನನ್ನದೇ ಪತ್ರಿಕೆ! ಅದೇ ಮರ, ಅದೇ ಸುಡುಗಾಡು, ಹೆಗಲ ಮೇಲೆ ಹೆಣ ಹೊತ್ತು ಕತ್ತಿ ಹಿಡಿದು ನಡೆಯುವ ಅದೇ ರಾಜ. ಅಕ್ಷರ ಮಾತ್ರ ಬೇರೆ.

ಮರುದಿನ ನನ್ನ ಪ್ರತಿಯನ್ನು ತೆಗೆದುಕೊಂಡು ಹೋದೆ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಕುಳಿತೆವು. ವಿಕ್ರಮ ಬೇತಾಳನ ಕಥೆ ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ ರೀತಿ ಶುರುವಾಗುತ್ತದಲ್ಲವೇ? ರಾಜ ಮರದ ಬಳಿಗೆ ಮರಳುತ್ತಾನೆ, ಹೆಣವನ್ನು ಇಳಿಸುತ್ತಾನೆ, ಹೆಗಲಿಗೇರಿಸುತ್ತಾನೆ, ಮೌನವಾಗಿ ನಡೆಯುತ್ತಾನೆ. ಹೀಗಾಗಿ ಅದು ನಮಗೆ ಓದುವ ಪಾಠದಂತಾಯಿತು. ಅವನು ತನ್ನ ಸಾಲನ್ನು ಜೋರಾಗಿ ಓದುವುದು, ನಾನು ನನ್ನದನ್ನು ಓದುವುದು, ಆಮೇಲೆ ಯಾವ ಪದ ಯಾವುದಕ್ಕೆ ಎಂದು ಜೋಡಿಸುವುದು. ಮರ ಅಲ್ಲಿ 'ಮರಂ'. ಅದು ಸುಲಭ. 'ತೋಳಿಲ್' ಎಂದು ಅವನು ಓದಿದಾಗ ನಾನು ತಡೆದೆ. ಚಿತ್ರದಲ್ಲಿ ಹೆಣ ಹೆಗಲ ಮೇಲಿದೆ, ತೋಳಿನಲ್ಲಿ ಅಲ್ಲ ಎಂದೆ. ಅವನು ತನ್ನ ಹೆಗಲು ಮುಟ್ಟಿ ಇದೇ ತೋಳ್ ಎಂದ. ನಾನು ನನ್ನ ತೋಳು ಹಿಡಿದು ತೋರಿಸಿ ಇದು ತೋಳು ಎಂದೆ. ಜಗಳ ಆಗುವ ಹೊತ್ತಿಗೆ ನನ್ನನ್ನು ಹುಡುಕಿಕೊಂಡು ಬಂದ ಅಮ್ಮ ಕೇಳಿ ನಕ್ಕರು. ಅವರಿಗೆ ಅದು ಎರಡೂ ಅಲ್ಲ, ತುಳುವಿನಲ್ಲಿ 'ಪುಗೆಲ್'. ಪುಗೆಲ್, ಹೆಗಲು ಎಂದು ಎರಡು ಸಲ ಹೇಳಿಕೊಂಡರೆ ಅವು ಅಕ್ಕತಂಗಿಯರೆಂದು ತಿಳಿಯುತ್ತದೆ. ಆ ದಿನ ನಾನು ಅದನ್ನು ಕಿವಿಯಲ್ಲಿ ಕಂಡುಕೊಂಡೆ. ಭಾಷೆಯ ಮೇಲೆ ನನಗಿರುವ ಪ್ರೀತಿ ಎಲ್ಲಿ ಹುಟ್ಟಿತು ಎಂದು ಕೇಳಿದರೆ ಆ ಜಗಲಿಯನ್ನೇ ತೋರಿಸುತ್ತೇನೆ.

ಆರು ತಿಂಗಳಲ್ಲಿ ನಾನು ಮಲಯಾಳ ಓದಲು ಕಲಿತೆ. ಯಾರೂ ಕಲಿಸಲಿಲ್ಲ, ಬೇತಾಳ ಕಲಿಸಿದ. ಅವನು ಕನ್ನಡ ಓದಲು ಕಲಿತ. ಮುಂದೆ ಅವನ ಮನೆಯ 'ಬಾಲರಮ'ದಲ್ಲಿ ಮಾಯಾವಿಯ ಕಥೆಗಳನ್ನು, ಕುಂತದ ಮೇಲೆ ಹಾರುವ ಲುಟ್ಟಾಪಿಯನ್ನು ಮಲಯಾಳದಲ್ಲೇ ಓದಿದೆ. ಹೈಸ್ಕೂಲಿಗೆ ಬಂದಾಗ ಬಷೀರರ 'ಪಾತುಮ್ಮಯುಡೆ ಆಡ್' ಕೈಗೆ ಸಿಕ್ಕಿತು. ಮನೆಯೊಳಗೆ ಬಂದು ಪುಸ್ತಕವನ್ನೂ ತಿನ್ನುವ ಆ ಆಡು ನಮ್ಮ ಹಿತ್ತಿಲಿನದೇ ಆಡು. ಗಡಿನಾಡು ಎಂದರೆ ನಿಮ್ಮ ಪತ್ರಿಕೆಗಳಲ್ಲಿ ಬರೀ ಹೋರಾಟದ ಸುದ್ದಿ ಬರುತ್ತದೆ. ಹೋರಾಟ ಇದೆ, ಇರಬೇಕು. ಆದರೆ ಎರಡು ಭಾಷೆಗಳ ಮಕ್ಕಳ ಪುಸ್ತಕಗಳು ಒಂದೇ ಜಗಲಿಯಲ್ಲಿ ಸಿಗುವ ಭಾಗ್ಯವೂ ಇದೆ.

ಡಿಂಗನ ಬಗ್ಗೆ ನಿಮಗೆ ಒಂದು ಸಂಗತಿ ಗೊತ್ತಿರಲಿಕ್ಕಿಲ್ಲ. 'ಬಾಲಮಂಗಳ'ದ ಆ ಅತಿಬಲದ ಇಲಿಯನ್ನು ಕರ್ನಾಟಕದ ಒಂದು ತಲೆಮಾರು ತಮ್ಮವನೆಂದೇ ಪ್ರೀತಿಸಿತು. ಶಿವಮೊಗ್ಗದ ನನ್ನ ಚಿಕ್ಕಪ್ಪನ ಮಗನೂ ಹಾಗೆಯೇ. ಆದರೆ ಬಾಲಮಂಗಳ ಬರುತ್ತಿದ್ದದ್ದು ಕೇರಳದ ಕೋಟ್ಟಯಂನಿಂದ. ಡಿಂಗ ಹುಟ್ಟಿದ್ದು ಮಲಯಾಳದಲ್ಲಿ, ಡಿಂಕನ್ ಎಂಬ ಹೆಸರಿನಲ್ಲಿ, 1983ರಲ್ಲಿ. ನಾನು ಇದನ್ನು ರಜೆಯಲ್ಲಿ ಹೇಳಿದಾಗ ಅವನು ಒಪ್ಪಲೇ ಇಲ್ಲ. ಪತ್ರಿಕೆಯ ವಿಳಾಸ ತೋರಿಸಬೇಕಾಯಿತು. ಹೀಗೆ ನೋಡಿದರೆ ನಮ್ಮ ಕನ್ನಡದ ಬಾಲ್ಯ ಮದರಾಸಿನಿಂದ, ಕೋಟ್ಟಯಂನಿಂದ, ಉಡುಪಿಯಿಂದ, ಮಂಗಳೂರಿನಿಂದ ಬಂತು. ಬೆಂಗಳೂರಿನಿಂದ ಬಂದದ್ದು ಬಹಳ ಕಡಿಮೆ.

ಮಂಗಳೂರು ಎಂದಾಗ ಶಾಲೆಯ ಕಪಾಟು ನೆನಪಾಗುತ್ತದೆ. ಕೇರಳದ ಶಾಲೆಗಳಲ್ಲಿ ಶುಕ್ರವಾರ ಮಧ್ಯಾಹ್ನದ ಬಿಡುವು ಉದ್ದ, ಜುಮಾ ನಮಾಜಿಗಾಗಿ. ಉಳಿದ ಮಕ್ಕಳಿಗೆ ಆ ಹೊತ್ತಿನಲ್ಲಿ ನಮ್ಮ ಕನ್ನಡ ಟೀಚರು ಕಪಾಟು ತೆರೆಯುತ್ತಿದ್ದರು. ಒಳಗಿನಿಂದ ಗೆದ್ದಲು ಮದ್ದಿನ ವಾಸನೆ ಬರುತ್ತಿತ್ತು. ಅದರಲ್ಲಿ ಕಾರಂತರ 'ಬಾಲಪ್ರಪಂಚ'ದ ಒಂದೇ ಸಂಪುಟವಿತ್ತು. ಒಟ್ಟು ಮೂರು ಎಂದು ಗೊತ್ತಿತ್ತು, ಉಳಿದೆರಡು ಎಲ್ಲಿ ಎಂದು ಟೀಚರಿಗೂ ತಿಳಿದಿರಲಿಲ್ಲ. ಇಡೀ ಜಗತ್ತನ್ನು ಮಕ್ಕಳಿಗೆ ಹೇಳಬೇಕೆಂದು ಒಬ್ಬರೇ ಮನುಷ್ಯ 1936ರಲ್ಲಿ ಕನ್ನಡದಲ್ಲಿ ಮಾಡಿದ ಕೆಲಸ ಅದು. ನನಗೆ ಸಿಕ್ಕಿದ ಮೂರನೆಯ ಒಂದು ಪಾಲು ಜಗತ್ತನ್ನೇ ನಾನು ಎರಡು ವರ್ಷ ಓದಿದೆ.

ಪಂಜೆ ಮಂಗೇಶರಾಯರ ಪದ್ಯಗಳೂ ಅಲ್ಲೇ ಸಿಕ್ಕಿದವು. ಅವರು ಬಂಟ್ವಾಳದವರು. ಅವರು ಬರೆಯುವಾಗ ಬಂಟ್ವಾಳ, ಮಂಗಳೂರು, ಕಾಸರಗೋಡು ಎಲ್ಲ ಒಂದೇ ಜಿಲ್ಲೆ, ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಪದ್ಯಗಳಿಗೆ ಅದು ಗೊತ್ತಾಗಲಿಲ್ಲ. 'ತೆಂಕಣ ಗಾಳಿಯಾಟ'ವನ್ನು ಘಟ್ಟದ ಮೇಲಿನ ಮಗು ಪ್ರಾಸಕ್ಕಾಗಿ ಇಷ್ಟಪಡಬಹುದು. ನಾವು ಅದನ್ನು ಓದುವಾಗ ಹೊರಗೆ ಅದೇ ಗಾಳಿ ಬೀಸಿ ಅಡಿಕೆ ಮರಗಳು ಬಾಗಿ ಏಳುತ್ತಿದ್ದವು. ನಾಗರಹಾವಿನ ಪದ್ಯ ಓದಿದ ಸಂಜೆ ತೋಟದ ಮೂಲೆಯ ನಾಗಬನದ ಹತ್ತಿರ ಹೋಗಲು ನಮಗೆ ಹೆದರಿಕೆಯೂ ಪ್ರೀತಿಯೂ ಒಟ್ಟಿಗೇ ಆಗುತ್ತಿತ್ತು.

ಕೇರಳ ನಮಗೆ ಕೊಟ್ಟದ್ದನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಅಲ್ಲಿನ ಗ್ರಂಥಾಲಯ ಚಳವಳಿ ದೊಡ್ಡದು. ಪಿ.ಎನ್. ಪಣಿಕ್ಕರ್ ಅವರು ತಿರುವಾಂಕೂರಿನಲ್ಲಿ 1945ರಲ್ಲಿ ಹಳ್ಳಿಯ ವಾಚನಾಲಯಗಳನ್ನು ಒಂದು ಸಂಘದಡಿ ಸೇರಿಸಿದರು. ಅವರು ತೀರಿಕೊಂಡ ಜೂನ್ 19ನ್ನು ಈಗ ರಾಜ್ಯವಿಡೀ ಓದಿನ ದಿನವಾಗಿ ಆಚರಿಸುತ್ತದೆ. ನಮ್ಮ ಕನ್ನಡ ಶಾಲೆಗಳಲ್ಲೂ ಆ ವಾರ ಮಕ್ಕಳು ಒಂದು ಪುಸ್ತಕ ಓದಿ ಟಿಪ್ಪಣಿ ಬರೆಯುತ್ತಾರೆ. ನನ್ನ ಮಗಳು ಕನ್ನಡದಲ್ಲಿ ಬರೆದಳು.

ಬದಿಯಡ್ಕದ ಕಯ್ಯಾರ ಕಿಞ್ಞಣ್ಣ ರೈಗಳ ವಿಷಯವನ್ನು ಬೇರೆಯಾಗಿಯೇ ಬರೆಯಬೇಕು. ಗಡಿನಾಡಿನ ದನಿಯಾಗಿ ಅವರನ್ನು ನೀವು ಬಲ್ಲಿರಿ. ಅವರು ಮೇಷ್ಟ್ರಾಗಿದ್ದರು, ಮಕ್ಕಳಿಗಾಗಿಯೂ ಬರೆದರು. ನಮಗೆ ಮುಖ್ಯವಾದದ್ದು ಇಷ್ಟು: ಪದ್ಯ ಬರೆದವರ ಮನೆ ನಾವು ದಿನವೂ ಹೋಗುವ ಬಸ್ಸಿನ ದಾರಿಯ ಕಡೆಯೇ ಇತ್ತು. ಕವಿ ಎಂದರೆ ಪಂಚೆ ಉಟ್ಟು, ತೋಟ ನೋಡಿಕೊಂಡು, ನಮ್ಮದೇ ಪೇಟೆಗೆ ಬರುವ ಮನುಷ್ಯ ಎಂದು ಗೊತ್ತಿರುವ ಮಗು ಪುಸ್ತಕವನ್ನು ಬೇರೆಯೇ ರೀತಿ ಹಿಡಿಯುತ್ತದೆ. ಅವರು ನೂರು ವರ್ಷ ತುಂಬಿ 2015ರಲ್ಲಿ ತೀರಿಕೊಂಡರು.

ಈಗಿನ ಸ್ಥಿತಿಯನ್ನೂ ಕೇಳಿದ್ದೀರಿ. ಚಂದಮಾಮ ನಿಂತಿತು, ಡಿಂಗನೂ ಇಲ್ಲ. ಕನ್ನಡ ಮಾಧ್ಯಮದ ತರಗತಿಗಳಲ್ಲಿ ಮಕ್ಕಳು ಕಡಿಮೆಯಾಗುತ್ತಿದ್ದಾರೆ, ನನಗೆ ಅದು ನಿಜವಾಗಿಯೂ ನೋವು. ಅಜ್ಜನ ಪ್ರಸಂಗ ಪುಸ್ತಕ ನನ್ನ ಬಳಿ ಇದೆ. ಕೆಲವು ಪದಗಳ ಪಕ್ಕದಲ್ಲಿ ಅವರು ಪೆನ್ಸಿಲಿನಿಂದ ತಾಳ ತಿದ್ದಿದ್ದಾರೆ, ಅಚ್ಚಿನಲ್ಲಿ ತಪ್ಪಿದೆ ಎಂದು ಅವರಿಗೆ ಖಚಿತವಿತ್ತು.

ನೀವು ಡಿಸೆಂಬರಿನಲ್ಲಿ ಈ ಕಡೆ ಬರುತ್ತೀರಿ ಎಂದಿರಲ್ಲ. ಮಂಗಳೂರಿನಿಂದ ರೈಲು ಹತ್ತಿ ಕುಂಬಳೆಯಲ್ಲಿ ಇಳಿಯಿರಿ. ನಾನು ಬಂದು ಕರೆದುಕೊಂಡು ಹೋಗುತ್ತೇನೆ. ಸಿಹಿ ತರಬೇಡಿ. ಮಗಳ ಶಾಲೆಯ ಕಪಾಟಿಗೆ ಕನ್ನಡ ಪುಸ್ತಕ ತನ್ನಿ, ಒಂದು ಎರಡನೆಯ ತರಗತಿಯವರು ಓದುವಂಥದ್ದು, ಅಕ್ಷರ ದೊಡ್ಡದಿರಲಿ, ಚಿತ್ರ ಇರಲಿ. 'ಬಾಲಪ್ರಪಂಚ'ದ ಹಳೆಯ ಸಂಪುಟಗಳು ಎಲ್ಲಾದರೂ ಕಂಡರೆ, ಒಂದು ಮಾತು ತಿಳಿಸಿ. ನಮ್ಮಲ್ಲಿ ಮೊದಲನೆಯದು ಮಾತ್ರ ಇದೆ.